ಹಾವಿಲ್ಲದ ಕಾಡಿನಲ್ಲಿ ನಡೆಯುವುದು ಹೇಗೆ

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿಗೆ ಬಂದ ಮೊದಲ ತಿಂಗಳು ನಾನು ಇಲ್ಲಿನ ಕಾಡಿನಲ್ಲಿ ನೆಲ ನೋಡಿಕೊಂಡೇ ನಡೆದೆ. ಕೊಪ್ಪದ ಹತ್ತಿರದ ಹಳ್ಳಿಯಲ್ಲಿ ಬೆಳೆದವಳು ನಾನು. ದರಗು ಕಂಡರೆ ಕೋಲಲ್ಲಿ ಸರಿಸಿ ನೋಡಿಯೇ ಕಾಲಿಡುವುದು ರೂಢಿ. ಜೊತೆಗೆ ಬಂದಿದ್ದ ಆಫೀಸಿನ ಗೆಳತಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ಏನಾದರೂ ಬೀಳಿಸಿಕೊಂಡೆಯಾ?" ಎಂದು ಕೇಳಿದಳು. ಹಾವು ನೋಡುತ್ತಿದ್ದೇನೆ ಎಂದೆ. ಅವಳಿಗೆ ನಗು ತಡೆಯಲಾಗಲಿಲ್ಲ.

ನ್ಯೂಜಿಲೆಂಡಿನ ನೆಲದಲ್ಲಿ ಹಾವೇ ಇಲ್ಲ. ಚಿರತೆ, ಕಾಟಿ, ಆನೆ ಯಾವುದೂ ಇಲ್ಲ. ಮನುಷ್ಯ ಬರುವ ಮೊದಲು ಈ ಕಾಡುಗಳಲ್ಲಿದ್ದ ಸಸ್ತನಿ ಎಂದರೆ ಬಾವಲಿ ಮಾತ್ರ. ಹಾಗಂತ ಇಲ್ಲಿ ಕಾಡಿಗೆ ಹೋದವರೆಲ್ಲ ಸುಖವಾಗಿ ವಾಪಸ್ ಬರುತ್ತಾರೆ ಅಂತಲ್ಲ. ಇಲ್ಲಿ ಜೀವ ತೆಗೆಯುವುದು ಚಳಿ, ಹೊಳೆ ಮತ್ತು ಕಾಲು ಜಾರುವುದು. ನೆಲದ ಮೇಲಿದ್ದ ಕಣ್ಣನ್ನು ಆಕಾಶದ ಕಡೆಗೂ ನೀರಿನ ಕಡೆಗೂ ತಿರುಗಿಸಿಕೊಳ್ಳುವುದಕ್ಕೆ ನನಗೆ ಸುಮಾರು ಎರಡು ವರ್ಷ ಹಿಡಿಯಿತು. ಈಗಷ್ಟೇ ಬಂದಿಳಿದವರಿಗೆ ಅಷ್ಟು ದಿನ ಬೇಕಾಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ವಿಮಾನ ಇಳಿಯುವಾಗಲೇ ಶುರು

ಊರಿನಿಂದ ಟ್ರೆಕ್ಕಿಂಗ್ ಶೂ ತರುತ್ತಿದ್ದರೆ ಹೊರಡುವ ಮೊದಲೇ ಅಡಿಭಾಗವನ್ನು ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ ತೊಳೆಯಿರಿ. ಒಂದು ಚೂರು ಮಣ್ಣು, ಒಂದು ಹುಲ್ಲಿನ ಬೀಜವೂ ಇರಬಾರದು. ಬಳಸಿದ ಶೂ, ಟೆಂಟು, ತಿಂಡಿ ಎಲ್ಲವನ್ನೂ ಬರುವಾಗ ತುಂಬುವ ಫಾರಂನಲ್ಲಿ 'ಇದೆ' ಎಂದೇ ಬರೆಯಿರಿ. ಹೇಳಿದರೆ ದಂಡವಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್. ನನ್ನ ಗಂಡನ ಶೂನಲ್ಲಿ ಕುದುರೆಮುಖದ ಮಣ್ಣಿತ್ತು. ಅಧಿಕಾರಿ ಒಳಗೆ ತೆಗೆದುಕೊಂಡು ಹೋಗಿ, ತೊಳೆಸಿ, ವಾಪಸ್ ಕೊಟ್ಟರು. ಆ ಶೂ ಅಷ್ಟು ಹೊಳೆದದ್ದನ್ನು ಅಂಗಡಿಯಲ್ಲೂ ನೋಡಿರಲಿಲ್ಲ. ಜೇನುತುಪ್ಪ ಮಾತ್ರ ತರಲೇಬೇಡಿ, ಮನೆಯದ್ದಾದರೂ ಸರಿ.

ತೊಳೆಯುವ ಅಭ್ಯಾಸ ಆಮೇಲೂ ಬಿಡುವಂತಿಲ್ಲ. ಆಕ್ಲೆಂಡ್ ಕಡೆ ಕೌರಿ ಮರಗಳಿಗೆ ಬೇರಿನ ರೋಗ ಬಂದಿದೆ. ಅದು ಹರಡುವುದು ಮಣ್ಣಿನಿಂದ. ದಾರಿಯ ಬಾಯಲ್ಲೇ ಬ್ರಷ್, ಔಷಧಿ ಇಟ್ಟಿರುತ್ತಾರೆ. ಉಜ್ಜಿಯೇ ಒಳಗೆ ಹೋಗಬೇಕು.

ಸೂರ್ಯ ಉತ್ತರದಲ್ಲಿದ್ದಾನೆ

ಇದನ್ನು ಪುಸ್ತಕದಲ್ಲಿ ಓದಿ ತಿಳಿಯುವುದು ಬೇರೆ, ಮೈಗೆ ಹತ್ತುವುದು ಬೇರೆ. ಇಲ್ಲಿ ಮಧ್ಯಾಹ್ನದ ಸೂರ್ಯ ಉತ್ತರದಲ್ಲಿರುತ್ತಾನೆ. ಕ್ರೈಸ್ಟ್‌ಚರ್ಚಿನ ಅಂಚಿನ ಪೋರ್ಟ್ ಹಿಲ್ಸ್ ಬೆಟ್ಟದಲ್ಲಿ ಒಂದು ದಿನ ಬಿಸಿಲು ನೋಡಿಕೊಂಡು 'ಇದೇ ದಕ್ಷಿಣ' ಎಂದು ನಡೆದು, ಊರಿಗೆ ಬೆನ್ನು ಹಾಕಿ ಒಂದು ಗಂಟೆ ಹೋಗಿಬಿಟ್ಟಿದ್ದೆ. ಬಾಡಿಗೆ ಮನೆ ಹುಡುಕುವಾಗ ವಾಸ್ತುವಿನ ಪೂರ್ವ ಬಾಗಿಲನ್ನು ಸ್ವಲ್ಪ ಬದಿಗಿಡಿ. ಕೂರುವ ಕೋಣೆಯ ಕಿಟಕಿ ಉತ್ತರಕ್ಕಿದೆಯಾ ನೋಡಿ. ಚಳಿಗಾಲದಲ್ಲಿ ಬಟ್ಟೆ ಒಣಗುವುದೂ, ಮನಸ್ಸು ಒಣಗದಿರುವುದೂ ಅದರಿಂದಲೇ. ಬೆಟ್ಟದಲ್ಲೂ ಅಷ್ಟೇ. ಜುಲೈನಲ್ಲಿ ಉತ್ತರದ ಇಳಿಜಾರು ಬೆಚ್ಚಗಿದ್ದಾಗ ದಕ್ಷಿಣದ ನೆರಳಿನಲ್ಲಿ ದಾರಿಯ ಮೇಲೆ ಮಂಜುಗಡ್ಡೆ ಮಧ್ಯಾಹ್ನವಾದರೂ ಕರಗಿರುವುದಿಲ್ಲ.

ಹಗಲಿನ ಲೆಕ್ಕವೂ ಹೊಸದು. ಊರಲ್ಲಿ ವರ್ಷಪೂರ್ತಿ ಆರರಿಂದ ಏಳರೊಳಗೆ ಕತ್ತಲಾಗುತ್ತದೆ. ಕ್ರೈಸ್ಟ್‌ಚರ್ಚಿನಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ. ಜೂನ್‌ನಲ್ಲಿ ಸಂಜೆ ಐದಕ್ಕೇ ಮುಗಿಯಿತು, ಬೆಳಗಾಗುವುದು ಎಂಟಕ್ಕೆ. ದೀಪಾವಳಿಯ ದಿನ ಹಣತೆ ಹಚ್ಚಲು ಕತ್ತಲಿಗಾಗಿ ಕಾದು ಮಗಳು ಸೋಫಾದಲ್ಲೇ ನಿದ್ದೆ ಹೋಗುತ್ತಿದ್ದಳು. ಚಳಿಗಾಲದಲ್ಲಿ ಬೆಟ್ಟಕ್ಕೆ ಹೋದರೆ ಮಧ್ಯಾಹ್ನ ಮೂರಕ್ಕೆ ಕಾರಿನ ಹತ್ತಿರ ಇರುವಂತೆ ಲೆಕ್ಕ ಹಾಕಿ. ಬೇಸಿಗೆಯೇ ಇರಲಿ, ಹೆಡ್‌ಲ್ಯಾಂಪ್ ಬ್ಯಾಗಿನಲ್ಲಿರಲಿ.

ಇನ್ನು ಬಿಸಿಲು. ಗಾಳಿ ತಂಪಾಗಿರುತ್ತದೆ, ಬಿಸಿಲಿನ ಏಟು ಗೊತ್ತಾಗುವುದೇ ಇಲ್ಲ. 'ನಮ್ಮದು ಕಪ್ಪು ಚರ್ಮ, ಸುಡಲ್ಲ' ಎಂದು ಹೇಳಿದ್ದ ನನ್ನ ಮೂಗಿನ ಸಿಪ್ಪೆ ಮೊದಲ ಜನವರಿಯಲ್ಲೇ ಎದ್ದು ಬಂತು. ಚರ್ಮ ಸುಡುವ ಕಿರಣಗಳನ್ನು ಅಳೆಯುವ ಯುವಿ ಸೂಚ್ಯಂಕ ಇಲ್ಲಿ ಬೇಸಿಗೆಯಲ್ಲಿ 12 ದಾಟುವ ದಿನಗಳಿವೆ. ಟೋಪಿ, ಸನ್‌ಸ್ಕ್ರೀನ್, ತೋಳು ಮುಚ್ಚುವ ಅಂಗಿ ಇಲ್ಲದೆ ಹೊರಡಬೇಡಿ.

ಜೀನ್ಸ್ ಹಾಕಿಕೊಂಡು ಹೋದ ಕಥೆ

2016ರ ಅಕ್ಟೋಬರ್. ಕ್ರೈಸ್ಟ್‌ಚರ್ಚಿನಲ್ಲಿ 24 ಡಿಗ್ರಿ, ನೀಲಿ ಆಕಾಶ, ಬೆಚ್ಚನೆಯ ಗಾಳಿ. ನಾನು ಗಂಡ ಇಬ್ಬರೂ ಜೀನ್ಸ್, ಹತ್ತಿ ಟೀ ಶರ್ಟ್ ಹಾಕಿಕೊಂಡು, ಒಂದು ಡಬ್ಬಿ ಚಿತ್ರಾನ್ನ ಹಿಡಿದು, ಬೆಟ್ಟದ ನಡುವಿನ ಆರ್ಥರ್ಸ್ ಪಾಸ್ ಹಳ್ಳಿಗೆ ಹೊರಟೆವು. ಎರಡು ಗಂಟೆ ದಾರಿ. 1833 ಮೀಟರಿನ ಅವಲಾಂಚ್ ಪೀಕ್ ಹತ್ತುವ ಯೋಚನೆ. ಮುಳ್ಳಯ್ಯನಗಿರಿ 1930 ಮೀಟರ್, ಅದಕ್ಕಿಂತ ಇದು ಗಿಡ್ಡ ಅಲ್ವಾ ಎಂಬ ಧೈರ್ಯ. ಮುಳ್ಳಯ್ಯನಗಿರಿಗೆ ಹೆಚ್ಚುಕಮ್ಮಿ ಮೇಲಿನವರೆಗೂ ಕಾರು ಹೋಗುತ್ತದೆ, ಇಲ್ಲಿ ಹಳ್ಳಿಯಿಂದಲೇ ಸುಮಾರು 1100 ಮೀಟರ್ ಎತ್ತರವನ್ನು ಕಾಲಲ್ಲೇ ಏರಬೇಕು ಎಂಬುದು ತಲೆಗೆ ಹೋಗಿರಲಿಲ್ಲ.

ಅಲ್ಲಿ ತಲುಪುವಾಗ ಮಳೆ. ನಮಗೆ ಮಳೆ ಏನು ಹೊಸದಾ? ಆಷಾಢದಲ್ಲಿ ಗದ್ದೆಗಿಳಿದವರು ನಾವು. ಹತ್ತಿದೆವು. ಮರಗಳ ಸಾಲು ಮುಗಿದು ಬೋಳು ಬೆಟ್ಟ ಶುರುವಾಗುವಲ್ಲಿ ಗಾಳಿ ಹೊಡೆಯಿತು ನೋಡಿ, ಐದು ನಿಮಿಷಕ್ಕೆ ಕೈಬೆರಳು ಮಡಚಲು ಬರಲಿಲ್ಲ. ಡಬ್ಬಿಯ ಮುಚ್ಚಳ ತೆಗೆಯಲು ಆಗಲಿಲ್ಲ. ಗಂಡ ಏನೋ ಹೇಳಿದರು, ಮಾತು ತೊದಲುತ್ತಿತ್ತು. ಮೇಲಿನಿಂದ ಇಳಿದು ಬರುತ್ತಿದ್ದ ಇಬ್ಬರು ನಮ್ಮನ್ನು ನೋಡಿ, ತಮ್ಮ ಉಣ್ಣೆ ಟೋಪಿ ಕೊಟ್ಟು, ಮುಂದೆ ಬಿಟ್ಟುಕೊಂಡು ಕೆಳಗೆ ಕರೆದುಕೊಂಡು ಬಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವತ್ತು ಆದದ್ದೇನು ಎಂಬುದು ಮಲೆನಾಡಿನವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಆಗುಂಬೆಯಲ್ಲಿ ಸುರಿಯುವ ದಿನ ಚಿತ್ರದುರ್ಗದಲ್ಲಿ ಬಿಸಿಲು ಇರುತ್ತದಲ್ಲ, ಅದೇ ಲೆಕ್ಕ. ಸದರ್ನ್ ಆಲ್ಪ್ಸ್ ಇವರ ಪಶ್ಚಿಮ ಘಟ್ಟ. ಸಮುದ್ರದ ಕಡೆಯಿಂದ ಬಂದ ವಾಯವ್ಯದ ಗಾಳಿ ಘಟ್ಟದ ಮೇಲೆ ನೀರು ಚೆಲ್ಲಿ, ಒಣಗಿ, ಬಿಸಿಯಾಗಿ ಕ್ರೈಸ್ಟ್‌ಚರ್ಚ್ ಇರುವ ಕ್ಯಾಂಟರ್ಬರಿ ಬಯಲಿಗೆ ಇಳಿಯುತ್ತದೆ. ಇದಕ್ಕೆ ಇಲ್ಲಿನವರು 'ನಾರ್‌ವೆಸ್ಟರ್' ಎನ್ನುತ್ತಾರೆ. ಅಂದರೆ ಕ್ರೈಸ್ಟ್‌ಚರ್ಚಿನಲ್ಲಿ ಬಿಸಿಗಾಳಿ ಬೀಸುತ್ತಿದೆ ಎಂದರೆ ಘಟ್ಟದಲ್ಲಿ ಮಳೆ ಎಂದೇ ಓದಿಕೊಳ್ಳಿ. ಅದರ ಬೆನ್ನಿಗೆ ದಕ್ಷಿಣದ ಗಾಳಿ ತಿರುಗಿದರೆ ಒಂದೇ ಗಂಟೆಯಲ್ಲಿ ಹತ್ತು ಡಿಗ್ರಿ ಇಳಿದೀತು. ಮನೆಯ ಕಿಟಕಿಯಿಂದ ಹವಾಮಾನ ನೋಡುವುದನ್ನು ಬಿಟ್ಟು, ಇಲ್ಲಿನ ಹವಾಮಾನ ಸಂಸ್ಥೆ ಮೆಟ್‌ಸರ್ವಿಸ್‌ನಲ್ಲಿ ಆ ಬೆಟ್ಟದ ಮುನ್ಸೂಚನೆಯನ್ನೇ ನೋಡಿ.

ಬಟ್ಟೆಯ ವಿಷಯದಲ್ಲಿ ಒಂದೇ ಕಟ್ಟುನಿಟ್ಟು: ಬೆಟ್ಟಕ್ಕೆ ಹತ್ತಿ ಬೇಡ. ಊರಲ್ಲಿ ಒದ್ದೆ ಹತ್ತಿ ಬಟ್ಟೆ ಹಿತ, ಇಲ್ಲಿ ಅದು ಮೈಯ ಬಿಸಿಯನ್ನು ಹೀರಿಬಿಡುತ್ತದೆ. ಒಳಗೆ ಮೆರಿನೋ ಉಣ್ಣೆ ಅಥವಾ ಪಾಲಿಪ್ರೊಪಿಲೀನ್, ಮೇಲೆ ಫ್ಲೀಸ್, ಅದರ ಮೇಲೆ ನೀರು ನುಗ್ಗದ ಜಾಕೆಟ್. ಹೊಸದು ಕೊಳ್ಳಲು ಹೋದರೆ ಒಂದು ತಿಂಗಳ ದಿನಸಿಯ ದುಡ್ಡು ಹೋಗುತ್ತದೆ. 'ಆಪ್ ಶಾಪ್' ಎಂಬ ಹಳೆ ಬಟ್ಟೆ ಅಂಗಡಿಗಳಲ್ಲಿ ಹುಡುಕಿ. ನನ್ನ ಒಳ್ಳೆಯ ಉಣ್ಣೆ ಸ್ವೆಟರ್‌ಗಳೆಲ್ಲ ಅಲ್ಲಿಂದಲೇ ಬಂದವು. ಮಳೆ ಜಾಕೆಟ್ ಮತ್ತು ಶೂ, ಇವೆರಡಕ್ಕೆ ಮಾತ್ರ ಜಿಪುಣತನ ಬೇಡ.

ಹೊಳೆಯ ಮುಂದೆ ಜಂಬ ಬೇಡ

ತುಂಗೆಯಲ್ಲಿ ಈಜು ಕಲಿತವರಿಗೆ ಇದನ್ನು ಹೇಳುವುದು ಕಷ್ಟ. ಇಲ್ಲಿನ ಎಷ್ಟೋ ಹೊಳೆಗಳು ಹಿಮದಿಂದ ಇಳಿದು ಬರುತ್ತವೆ. ಜಲ್ಲಿಯ ಬಯಲಲ್ಲಿ ಜಡೆಯಂತೆ ಕವಲೊಡೆದು ಹರಿಯುವಾಗ ಮೊಣಕಾಲುದ್ದವೇ ಕಾಣುತ್ತವೆ. ಆದರೆ ಅಡಿಯ ಕಲ್ಲು ಉರುಳುತ್ತಿರುತ್ತದೆ, ಕಾಲು ನಿಲ್ಲುವುದಿಲ್ಲ. ಮೇಲೆ ಎಲ್ಲೋ ಮಳೆಯಾದರೆ ಬೆಳಿಗ್ಗೆ ದಾಟಿದ ತೊರೆ ಮಧ್ಯಾಹ್ನ ಬಣ್ಣ ಬದಲಿಸಿ ಗುಡುಗುತ್ತಿರುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಹೊಳೆಯಲ್ಲಿ ಮುಳುಗಿ ಸಾಯುವುದಕ್ಕೆ 'ನ್ಯೂಜಿಲೆಂಡ್ ಸಾವು' ಎಂದೇ ಹೆಸರಿತ್ತು. ಅಷ್ಟು ಜನ ಹೋಗಿದ್ದಾರೆ.

ನೀರು ಕೆಂಪಾಗಿದ್ದರೆ, ಮರದ ತುಂಡು ತೇಲಿಬರುತ್ತಿದ್ದರೆ, ಕಲ್ಲು ಉರುಳುವ ಸದ್ದು ಕೇಳಿದರೆ ದಾಟಬೇಡಿ. ಈಚೆ ದಡದಲ್ಲೇ ಕಾಯಿರಿ, ಇಲ್ಲಾ ವಾಪಸ್ ಹೋಗಿ. ಒಂದು ದಿನದ ಊಟ ಜಾಸ್ತಿ ಹೊರಬೇಕು ಎನ್ನುವುದು ಇದಕ್ಕೇ. ಸೋಮವಾರ ಆಫೀಸಿಗೆ ಹೋಗಬೇಕು ಎಂಬ ಅವಸರ ನೀರಿಗೆ ಗೊತ್ತಾಗುವುದಿಲ್ಲ. ದಾಟುವ ಕಲೆಯನ್ನು ಯಾವುದಾದರೂ ಟ್ರ್ಯಾಂಪಿಂಗ್ ಕ್ಲಬ್‌ನಲ್ಲಿ ನೀರಿಗಿಳಿದೇ ಕಲಿಯಿರಿ, ಓದಿ ಬರುವುದಲ್ಲ. ಟ್ರೆಕ್ಕಿಂಗ್‌ಗೆ ಇಲ್ಲಿ ಟ್ರ್ಯಾಂಪಿಂಗ್ ಎನ್ನುತ್ತಾರೆ, ಕಾಡಿಗೆ ಬುಶ್ ಎನ್ನುತ್ತಾರೆ.

ಕ್ಲಬ್‌ಗಳು ಇಲ್ಲಿ ಹಳೆಯ ಸಂಪ್ರದಾಯ. ವೆಲ್ಲಿಂಗ್ಟನ್ನಿನ ತರರುವಾ ಟ್ರ್ಯಾಂಪಿಂಗ್ ಕ್ಲಬ್ 1919ರಲ್ಲೇ ಶುರುವಾದದ್ದು. ನನ್ನ ಕ್ಲಬ್‌ನಲ್ಲಿ ಅರ್ಧದಷ್ಟು ಜನ ಅರವತ್ತು ದಾಟಿದವರು. ಹತ್ತುವಾಗ ನನಗೆ ಏದುಸಿರು, ಅವರಿಗೆ ಹರಟೆ. ಈ ಊರಲ್ಲಿ ನನಗೆ ಗೆಳೆಯರು ಸಿಕ್ಕಿದ್ದು ಆಫೀಸಿನಲ್ಲಲ್ಲ, ಆ ಕ್ಲಬ್‌ನ ಕಾರುಗಳ ಹಿಂದಿನ ಸೀಟಿನಲ್ಲಿ.

ಮೊದಲ ಹಟ್

ಬೆಟ್ಟದಲ್ಲಿ ರಾತ್ರಿ ಕಳೆಯಲು ಸರ್ಕಾರವೇ ನೋಡಿಕೊಳ್ಳುವ ಗುಡಿಸಲುಗಳಿವೆ, ಇವಕ್ಕೆ ಇಲ್ಲಿ ಹಟ್ ಎನ್ನುತ್ತಾರೆ. ಡಾಕ್ ಎಂದು ಎಲ್ಲರೂ ಕರೆಯುವ ಸಂರಕ್ಷಣಾ ಇಲಾಖೆಯ ಕೈಯಲ್ಲಿ ಇಂಥವು 950ಕ್ಕೂ ಹೆಚ್ಚಿವೆ. ಈ ದೇಶದ ಮೇಲೆ ನನಗೆ ಪ್ರೀತಿ ಹುಟ್ಟಿದ್ದೇ ಇವುಗಳಿಂದ. ಮಿಲ್ಫರ್ಡ್‌ನಂಥ 'ಗ್ರೇಟ್ ವಾಕ್' ಎಂಬ ಹೆಸರಾಂತ ನಡಿಗೆ ದಾರಿಗಳ ಹಟ್‌ಗೆ ಬುಕಿಂಗ್ ತೆರೆದ ಕೆಲವೇ ನಿಮಿಷದಲ್ಲಿ ಖಾಲಿಯಾಗುತ್ತದೆ. ಅದರ ಹಿಂದೆ ಬೀಳಬೇಡಿ.

ಕ್ರೈಸ್ಟ್‌ಚರ್ಚಿನವರಾದರೆ ಬ್ಯಾಂಕ್ಸ್ ಪೆನಿನ್ಸುಲಾದ ಪ್ಯಾಕ್‌ಹಾರ್ಸ್ ಹಟ್‌ನಿಂದ ಶುರುಮಾಡಿ. ಗೆಬ್ಬೀಸ್ ಪಾಸ್‌ನಿಂದ ಸುಮಾರು ಎರಡು ಗಂಟೆ ನಡಿಗೆ. ನೂರು ವರ್ಷ ದಾಟಿದ ಕಲ್ಲಿನ ಕಟ್ಟಡ. ಹ್ಯಾರಿ ಎಲ್ ಎಂಬ ರಾಜಕಾರಣಿ, ಬೆಟ್ಟದುದ್ದಕ್ಕೂ ನಡೆಯುವವರಿಗೆ ತಂಗುದಾಣ ಇರಬೇಕೆಂದು ಹಟ ಹಿಡಿದು ಕಟ್ಟಿಸಿದ್ದರಲ್ಲಿ ಇದೂ ಒಂದು. ನಮ್ಮ ಹಳೆಯ ಅರವಟ್ಟಿಗೆಗಳ ನೆನಪಾಗುತ್ತದೆ. ಒಂಬತ್ತೇ ಮಂಚ, ಮೊದಲೇ ಬುಕ್ ಮಾಡಬೇಕು. ನನ್ನ ಮಗಳು ಆರು ವರ್ಷಕ್ಕೇ ನಡೆದು ಬಂದಳು.

ಹಟ್‌ನ ರೀತಿ ನೀತಿ ಹೀಗೆ. ಶೂ ಹೊರಗೆ ಬಿಚ್ಚಿ, ಇದು ನಮಗೆ ಹೇಳಿಕೊಡಬೇಕಿಲ್ಲ. ಒಳಗೆ ಬಂದ ಕೂಡಲೇ ಅಲ್ಲಿರುವ ಪುಸ್ತಕದಲ್ಲಿ ಹೆಸರು, ಮುಂದೆ ಎಲ್ಲಿಗೆ ಎಂದು ಬರೆಯಿರಿ. ಉಳಿಯದಿದ್ದರೂ ಬರೆಯಿರಿ, ನೀವು ಕಾಣೆಯಾದರೆ ಹುಡುಕುವವರು ಮೊದಲು ತೆರೆಯುವುದು ಅದನ್ನೇ. ಒಲೆ, ಪಾತ್ರೆ, ಮಲಗುವ ಚೀಲ ನಿಮ್ಮದೇ. ಕಸ ಪೂರ್ತಿ ವಾಪಸ್ ಹೊತ್ತು ತನ್ನಿ. ತಡವಾಗಿ ಒದ್ದೆಯಾಗಿ ಬಂದವರಿಗೆ ಸ್ವಲ್ಪ ಸರಿದು ಜಾಗ ಕೊಡಿ.

ಅಡುಗೆಗೆ ನಾನು ಒಯ್ಯುವುದು ಅವಲಕ್ಕಿ, ಪುಳಿಯೋಗರೆ ಗೊಜ್ಜು, ಮನೆಯಲ್ಲೇ ಹುರಿದು ಒಗ್ಗರಣೆ ಬೆರೆಸಿಟ್ಟ ಉಪ್ಪಿಟ್ಟಿನ ರವೆ. ಕುದಿನೀರು ಹಾಕಿದರೆ ಆಯಿತು. ಹಟ್‌ನೊಳಗೆ ಒಗ್ಗರಣೆ ಹಾಕಬೇಡಿ. ಒಣಮೆಣಸಿನ ಘಾಟಿಗೆ ಒಂದು ಸಲ ಎಂಟು ಜನ ಕೆಮ್ಮುತ್ತಾ ಹೊರಗೆ ಓಡಿದ್ದರು. ದಾರಿಯಲ್ಲಿ ತಿನ್ನಲು ಅವರದ್ದು ಸ್ಕ್ರಾಗಿನ್, ಒಣಹಣ್ಣು ಬೀಜಗಳ ಮಿಶ್ರಣ. ನಮ್ಮದು ಕಡಲೆಕಾಯಿ ಬೆಲ್ಲ. ರುಚಿಯಲ್ಲಿ ನಮ್ಮದೇ ಮೇಲು.

ಚಿಕ್ಕಪುಟ್ಟ ಸಂಗತಿಗಳು

ಕಿತ್ತಳೆ ಬಣ್ಣದ ತ್ರಿಕೋನ ಮಾತ್ರ ದಾರಿಯ ಗುರುತು. ಗುಲಾಬಿ, ನೀಲಿ ತ್ರಿಕೋನಗಳು ಇಲಿ, ಪಾಸಮ್‌ನಂಥ ಉಪದ್ರವದ ಪ್ರಾಣಿ ಹಿಡಿಯುವವರಿಗೆ ಇಟ್ಟದ್ದು. ಅವನ್ನು ಹಿಂಬಾಲಿಸಿದರೆ ಪೊದೆಗೆ ಹೋಗಿ ನಿಲ್ಲುತ್ತೀರಿ.

ಇಂಬಳದ ಬದಲು ಇಲ್ಲಿ ಸ್ಯಾಂಡ್‌ಫ್ಲೈ. ಚುಕ್ಕಿಯಷ್ಟು ಕಪ್ಪು ನೊಣ. ಇಂಬಳ ಪಾಪ, ರಕ್ತ ಕುಡಿದು ತನ್ನಷ್ಟಕ್ಕೆ ಬೀಳುತ್ತದೆ. ಇದು ಕಚ್ಚಿದರೆ ವಾರವಿಡೀ ತುರಿಕೆ. ಪಶ್ಚಿಮ ಕರಾವಳಿ, ಫಿಯೋರ್ಡ್‌ಲ್ಯಾಂಡ್ ಕಡೆ ಹೆಚ್ಚು. ಗಾಳಿ ಇದ್ದಾಗ, ಕತ್ತಲಾದ ಮೇಲೆ ಕಾಟವಿಲ್ಲ. ತಿಳಿ ಬಣ್ಣದ ಉದ್ದ ಬಟ್ಟೆ ಹಾಕಿ, ನಡೆಯುತ್ತಲೇ ಇರಿ. ಇನ್ನು ಓಂಗಾಓಂಗಾ ಎಂಬ ಗಿಡ, ನಮ್ಮ ತುರಚೆಯ ದೊಡ್ಡಣ್ಣ. ಬಿಳಿ ಮುಳ್ಳು ಕಂಡರೆ ಮುಟ್ಟಬೇಡಿ.

ಬೆಟ್ಟದಲ್ಲಿ ಹೆಚ್ಚಿನ ಕಡೆ ಫೋನ್ ಸಿಗ್ನಲ್ ಇಲ್ಲ. ಪಿಎಲ್‌ಬಿ ಎಂಬ ಪುಟ್ಟ ಸಾಧನದ ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ಸಂದೇಶ ಹೋಗುತ್ತದೆ. ಬಾಡಿಗೆಗೂ ಸಿಗುತ್ತದೆ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಬರದಿದ್ದರೆ 111ಕ್ಕೆ ಫೋನ್ ಮಾಡಿ ಪೊಲೀಸರಿಗೆ ತಿಳಿಸಬೇಕು ಎಂದು ಒಬ್ಬರಿಗೆ ಬರೆದು ಕೊಡಿ. ಆ ಒಬ್ಬರು ಇದೇ ಊರಿನವರಾಗಿರಲಿ. ನಾನು ಮೊದಲು ಬೆಂಗಳೂರಿನ ತಂಗಿಗೆ ಹೇಳಿ ಹೋಗುತ್ತಿದ್ದೆ. ನಮ್ಮ ಬೇಸಿಗೆಯಲ್ಲಿ ಅವಳ ಗಡಿಯಾರ ಏಳೂವರೆ ಗಂಟೆ ಹಿಂದೆ. ನಾನು ಬರಬೇಕಾದ ಹೊತ್ತಿಗೆ ಅವಳು ಮಗುವಿಗೆ ತಿಂಡಿ ತಿನ್ನಿಸುತ್ತಾ ಎಲ್ಲ ಮರೆತಿರುತ್ತಿದ್ದಳು.

ಕಾಲು ಉಳುಕಿದರೆ, ಮೂಳೆ ಮುರಿದರೆ ಎಸಿಸಿ ಎಂಬ ಸರ್ಕಾರಿ ವಿಮೆ ಚಿಕಿತ್ಸೆಯ ಖರ್ಚಿಗೆ ನೆರವಾಗುತ್ತದೆ. ತಪ್ಪು ಯಾರದ್ದು ಎಂದು ಕೇಳುವುದಿಲ್ಲ, ನೋಡಲು ಬಂದ ಅಪ್ಪ ಅಮ್ಮನ ಅಪಘಾತಕ್ಕೂ ಇದೆ. ಆದರೆ ಅಪಘಾತಕ್ಕೆ ಮಾತ್ರ, ಕಾಯಿಲೆಗಲ್ಲ. ಅಪ್ಪ ಅಮ್ಮನಿಗೆ ಪ್ರಯಾಣ ವಿಮೆ ಮಾಡಿಸಿಯೇ ಕರೆಸಿ.

ಮೊದಲ ವರ್ಷಕ್ಕೆ ಪೋರ್ಟ್ ಹಿಲ್ಸ್, ಸಮುದ್ರದಂಚಿನ ಗಾಡ್ಲಿ ಹೆಡ್, ಪ್ಯಾಕ್‌ಹಾರ್ಸ್, ಆರ್ಥರ್ಸ್ ಪಾಸ್‌ನಲ್ಲಿ 131 ಮೀಟರಿನ ಡೆವಿಲ್ಸ್ ಪಂಚ್‌ಬೌಲ್ ಜಲಪಾತ ಸಾಕು. ಅವಲಾಂಚ್ ಪೀಕನ್ನು ನಾನು ಕೊನೆಗೂ ಹತ್ತಿದ್ದು 2019ರ ಫೆಬ್ರವರಿಯಲ್ಲಿ, ಮೂರು ದಿನ ಮುನ್ಸೂಚನೆ ನೋಡಿ, ಕ್ಲಬ್‌ನವರ ಜೊತೆ, ಬಿಸಿಲಿದ್ದರೂ ಚೀಲದಲ್ಲಿ ಎರಡು ಉಣ್ಣೆ ಟೋಪಿ ಇಟ್ಟುಕೊಂಡು. ತುದಿಯಲ್ಲಿ ಕೂತು ಅವಲಕ್ಕಿ ಡಬ್ಬಿ ತೆರೆದೆ. ಈ ಸಲ ಬೆರಳು ಚೆನ್ನಾಗಿಯೇ ಮಡಚುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಒಂದು ಕೆಯಾ, ಇಲ್ಲಿನ ಬೆಟ್ಟದ ಗಿಳಿ, ಕುಪ್ಪಳಿಸಿಕೊಂಡು ಬಂದು ಡಬ್ಬಿಯ ಮುಚ್ಚಳ ಕಚ್ಚಿಕೊಂಡು ಪ್ರಪಾತದ ಆಚೆ ಹಾರಿಬಿಟ್ಟಿತು. ಅವಕ್ಕೆ ತಿಂಡಿ ಹಾಕಬಾರದು ಎಂಬುದು ಗೊತ್ತಿತ್ತು, ಮುಚ್ಚಳವನ್ನೂ ಕಾಯಬೇಕು ಎಂಬುದು ಗೊತ್ತಿರಲಿಲ್ಲ.