ಬಂದೂಕಿಗೆ ಅಗ್ಗದ ಸ್ಕೋಪ್ (ಗುರಿ ಇಡುವ ದುರ್ಬೀನು) ಕೊಳ್ಳಬಹುದಾ? ಮೇಜಿನ ಮೇಲೆ, ಮೈದಾನದಲ್ಲಿ ಹೀಗೆ ಪರೀಕ್ಷೆ ಮಾಡಿ

25 ಮೀಟರ್ ದೂರದ ಗುರಿ. ಟರೆಟ್ಟನ್ನು (ಗುರಿ ಸರಿಪಡಿಸಲು ಸ್ಕೋಪಿನ ಮೇಲಿರುವ, ಕ್ಲಿಕ್ ಕ್ಲಿಕ್ ಅಂತ ತಿರುಗುವ ಗುಂಡಿ) ಹನ್ನೆರಡು ಕ್ಲಿಕ್ ಬಲಕ್ಕೆ ತಿರುಗಿಸಿ ಹೊಡೆದೆ. ಪೆಲೆಟ್ (ಏರ್ ಗನ್ನಿನ ಸಣ್ಣ ಗುಂಡು) ಹೋಗಿ ಹಳೇ ತೂತಿನ ಪಕ್ಕದಲ್ಲೇ ಕೂತಿತು. ಇನ್ನೊಂದು ಹೊಡೆದೆ, ಅಲ್ಲೇ. ತಿರುಗಿಸಿದ್ದು ಸಾಲಲಿಲ್ಲವೇನೋ ಅಂತ ಮತ್ತೆ ನಾಲ್ಕು ಕ್ಲಿಕ್ ಕೊಟ್ಟೆ. ಮುಂದಿನದು ಒಮ್ಮೆಗೇ 3 ಸೆಂ.ಮೀ. ಬಲಕ್ಕೆ ಹಾರಿತು.

ನನ್ನ ಮೊದಲ ಸ್ಕೋಪಿನ ಕತೆ ಇದು. ದೊಡ್ಡ ಕಂಪನಿಯ ಸ್ಕೋಪಿನ ಹಾಗೇ ಕಾಣುವ, ಅದರ ಹತ್ತನೇ ಒಂದು ಭಾಗ ಬೆಲೆಯ ನಕಲು. ನಾನು ಮೊದಲು ನನ್ನ ಕೈಯನ್ನು ಬೈದುಕೊಂಡೆ, ಆಮೇಲೆ ಪೆಲೆಟ್ ಬದಲಿಸಿದೆ, ರೈಫಲ್ಲಿನ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿದೆ, ಡಬ್ಬಿಗಟ್ಟಲೆ ಪೆಲೆಟ್ ಖಾಲಿ ಮಾಡಿದೆ. ಕೊನೆಗೆ ಜೊತೆಗೆ ಅಭ್ಯಾಸ ಮಾಡುತ್ತಿದ್ದ ಹಿರಿಯರೊಬ್ಬರು ನೋಡಲಾರದೆ ತಮ್ಮ ಹಳೇ ಸ್ಕೋಪ್ ಬಿಚ್ಚಿ ನನ್ನ ರೈಫಲ್‌ಗೆ ಹಾಕಿಕೊಟ್ಟರು. ಝೀರೋ ಮಾಡಿದ ಮೇಲೆ, ಅಂದರೆ ಗುರಿಯಿಟ್ಟಲ್ಲೇ ಬೀಳುವಂತೆ ಹೊಂದಿಸಿದ ಮೇಲೆ, ಐದು ಪೆಲೆಟ್ ಹೆಚ್ಚೂಕಡಿಮೆ ಒಂದೇ ತೂತಿನಲ್ಲಿ ಹೋದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತಾರಲ್ಲ, ಇಲ್ಲಿ ನೆಲ ನಿಜಕ್ಕೂ ಡೊಂಕಾಗಿತ್ತು.

ತಮಾಷೆ ಅಂದರೆ ಆ ನಕಲು ಸ್ಕೋಪಿನಲ್ಲಿ ಹಗಲು ಹೊತ್ತು ಚಿತ್ರ ಚೆನ್ನಾಗೇ ಕಾಣುತ್ತಿತ್ತು. ಕೊಳ್ಳುವಾಗ ಎಲ್ಲರೂ ಮಾಡುವುದು ಅದನ್ನೇ: ಕಣ್ಣಿಗೆ ಹಿಡಿದು, "ಕ್ಲಿಯರ್ ಆಗಿದೆ" ಅಂತ ತಲೆಯಾಡಿಸುವುದು. ಆದರೆ ಒಳ್ಳೆ ಸ್ಕೋಪಿಗೆ ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಹೋಗುವುದು ಕಣ್ಣಿಗೆ ಕಾಣದ ಜಾಗಕ್ಕೆ. ಸ್ಕೋಪಿನ ಕೊಳವೆಯ ಒಳಗೆ ಇನ್ನೊಂದು ಸಣ್ಣ ಕೊಳವೆ ಇರುತ್ತದೆ. ಅದರ ಒಂದು ತುದಿ ಕೀಲಿನ ಮೇಲೆ ಆಡುತ್ತದೆ. ಇನ್ನೊಂದು ತುದಿಯನ್ನು ಎರಡು ಟರೆಟ್‌ಗಳ ಸ್ಕ್ರೂ ಒಂದು ಕಡೆಯಿಂದ ತಳ್ಳುತ್ತವೆ, ಎದುರು ಕಡೆಯಿಂದ ಒಂದು ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ. ಸ್ಪ್ರಿಂಗ್ ಮೆತ್ತಗಿದ್ದರೆ, ಅಥವಾ ಲೋಹದ ಮೈ ಒರಟಾಗಿದ್ದರೆ, ನೀವು ಸ್ಕ್ರೂ ಹಿಂದಕ್ಕೆ ತಿರುಗಿಸಿದಾಗ ಕೊಳವೆ ಅದರ ಹಿಂದೆ ಬರದೆ ಅಲ್ಲೇ ಅಂಟಿಕೊಂಡಿರುತ್ತದೆ. ಬಂದೂಕು ಒಂದೆರಡು ಸಲ ಒದೆದ ಮೇಲೆ ಧಡಕ್ಕನೆ ಜಾರಿ ಕೂರುತ್ತದೆ. ನನಗೆ ಆಗಿದ್ದೂ ಅದೇ.

ಹಾಗಾಗಿ ಪರೀಕ್ಷೆ ಮಾಡಬೇಕಾದದ್ದು ಮುಖ್ಯವಾಗಿ ಆ ಸ್ಕ್ರೂ ಮತ್ತು ಸ್ಪ್ರಿಂಗನ್ನು. ಹೇಗೆ ಅಂತ ನೋಡೋಣ.

ಮೊದಲ ಹೆಜ್ಜೆ: ನಕಲಿ ಬೇರೆ, ಅಗ್ಗದ್ದು ಬೇರೆ

ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ತನ್ನ ಸ್ವಂತ ಹೆಸರಿನಲ್ಲಿ, ಒಂದಿಷ್ಟು ಗ್ಯಾರಂಟಿ ಕೊಟ್ಟು, ಸರಳ ಸ್ಕೋಪ್ ಮಾರುವ ಕಂಪನಿ ಒಂದು ಕಡೆ. ಬೇರೆಯವರ ಲೋಗೋ ಅಚ್ಚು ಹಾಕಿ ಮಾರುವವರು ಇನ್ನೊಂದು ಕಡೆ. ಯಾವ ದೇಶದಲ್ಲಿ ತಯಾರಾಯಿತು ಅನ್ನೋದು ಇಲ್ಲಿ ವಿಷಯವೇ ಅಲ್ಲ, ಚೀನಾದ ಕಾರ್ಖಾನೆಗಳಿಂದ ಒಳ್ಳೆಯದೂ ಬರುತ್ತದೆ, ಕಸವೂ ಬರುತ್ತದೆ. ಆದರೆ ಲೋಗೋ ವಿಷಯದಲ್ಲೇ ಸುಳ್ಳು ಹೇಳಿದವನು ಒಳಗಿನ ಸ್ಪ್ರಿಂಗ್ ವಿಷಯದಲ್ಲಿ ನಿಜ ಹೇಳುತ್ತಾನಾ?

ಮೇಲೆ ಥಳಕು ಒಳಗೆ ಹುಳುಕು ಅನ್ನೋದಕ್ಕೆ ಟ್ರಿಜಿಕಾನ್ ಕಂಪನಿಯ ಎಕಾಗ್ (ACOG) ಎಂಬ ಸ್ಕೋಪ್ ಒಳ್ಳೆ ಉದಾಹರಣೆ. ಹೆಸರುವಾಸಿಯಾದ ಅಸಲಿ ಮಾದರಿಯಲ್ಲಿ ಮೇಲೆ ಕಾಣುವ ಕೆಂಪು ಫೈಬರ್ ಪಟ್ಟಿ ಹಗಲಿನ ಬೆಳಕನ್ನು ಹೀರಿ ಗುರಿಯ ಗುರುತನ್ನು ಬೆಳಗಿಸುತ್ತದೆ, ಕತ್ತಲಲ್ಲಿ ಟ್ರಿಟಿಯಂ ಎಂಬ ವಿಕಿರಣ ಅನಿಲ ಆ ಕೆಲಸ ಮಾಡುತ್ತದೆ, ಬ್ಯಾಟರಿ ಬೇಡವೇ ಬೇಡ. ಅದರ ನಕಲುಗಳಲ್ಲಿ ಎಷ್ಟೋ ಸಲ ಆ ಕೆಂಪು ಪಟ್ಟಿ ಸುಮ್ನೆ ಅಲಂಕಾರಕ್ಕೆ, ಬೆಳಕು ಬರುವುದು ಪಕ್ಕದಲ್ಲಿ ತುರುಕಿದ ಬಟನ್ ಬ್ಯಾಟರಿಯಿಂದ. ಇಒಟೆಕ್‌ನ ಹೋಲೋಗ್ರಾಫಿಕ್ ಸೈಟ್ (ಗುರಿ ಇಡುವ ಸಾಧನ) ಕೂಡ ಅಷ್ಟೇ. ಅಸಲಿಯಲ್ಲಿ ಲೇಸರ್ ಮತ್ತು ಹೋಲೋಗ್ರಾಮ್, ಅದೇ ಆಕಾರದ ಅಗ್ಗದ ನಕಲಿನಲ್ಲಿ ಒಂದು ಎಲ್‌ಇಡಿ ಮತ್ತು ಬಾಗಿದ ಗಾಜು. ಅಂದರೆ ಅದು ಅದೇ ವಸ್ತುವಿನ ಕಳಪೆ ರೂಪ ಕೂಡ ಅಲ್ಲ, ಬೇರೆಯದೇ ವಸ್ತು.

ಲ್ಯೂಪೋಲ್ಡ್‌ನಂಥ ಕಂಪನಿಗಳು ನಕಲಿಗಳ ಬಗ್ಗೆ ಎಚ್ಚರಿಕೆ ಕೊಟ್ಟಿವೆ, ನಕಲಿಗೆ ಅವರ ಗ್ಯಾರಂಟಿ ಸಿಗುವುದಿಲ್ಲ. ಬೆಲೆ ನಂಬಲಾಗದಷ್ಟು ಕಡಿಮೆ ಇದ್ದರೆ ಸೀರಿಯಲ್ ನಂಬರ್ ಕೇಳಿ ತೆಗೆದುಕೊಂಡು ನೇರ ಕಂಪನಿಗೇ ಬರೆದು ವಿಚಾರಿಸಿ. ಮಾರುವವನು ನಂಬರ್ ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಟ್ಟುಬಿಡಿ.

ಎರಡನೆಯದು: ಡಬ್ಬಿಯ ಮೇಲಿನ ಅಂಕಿ ಓದಿ

10-40×50 (ಅಂದರೆ 10ರಿಂದ 40 ಪಟ್ಟು ಝೂಮ್, 50 ಮಿ.ಮೀ. ಅಗಲದ ಮುಂದಿನ ಗಾಜು) ಅಂತ ಬರೆದಿದ್ದರೆ ಖುಷಿಪಡಬೇಡಿ. ಮುಂದಿನ ಗಾಜಿನ ಅಗಲವನ್ನು ಝೂಮ್‌ನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. 50ನ್ನು 40ರಿಂದ ಭಾಗಿಸಿ: 1.25 ಮಿ.ಮೀ. ಮುಸ್ಸಂಜೆಯಲ್ಲಿ ನಿಮ್ಮ ಕಣ್ಣಿನ ಪಾಪೆ 5 ಮಿ.ಮೀ.ಗಿಂತ ಅಗಲವಾಗಿ ಬಾಯಿ ತೆರೆದು ಬೆಳಕಿಗೆ ಕಾಯುತ್ತಿರುತ್ತದೆ, ಸ್ಕೋಪ್ ಕೊಡುವುದು ಸೂಜಿಯಷ್ಟು. ಸಾದಾ 3-9×40 ಸ್ಕೋಪ್ 9ರಲ್ಲೂ 4.4 ಮಿ.ಮೀ. ಕೊಡುತ್ತದೆ.

ಇದನ್ನು ಅಳೆದೇ ನೋಡಬಹುದು. ಝೂಮ್ ಪೂರ್ತಿ ಜಾಸ್ತಿ ಇಟ್ಟು, ಸ್ಕೋಪನ್ನು ಕೈ ಚಾಚಿ ಬೆಳಕಿರುವ ಗೋಡೆಯ ಕಡೆ ಹಿಡಿಯಿರಿ (ಸೂರ್ಯನ ಕಡೆ ಯಾವತ್ತೂ ಬೇಡ). ಕಣ್ಣಿಡುವ ಗಾಜಿನಲ್ಲಿ ದುಂಡಗಿನ ಬೆಳಕಿನ ಚುಕ್ಕೆ ಕಾಣುತ್ತದೆ. ಅದರ ಅಗಲವನ್ನು ಸ್ಕೇಲಿಟ್ಟು ನೋಡಿ, ಝೂಮ್ ಸಂಖ್ಯೆಯಿಂದ ಗುಣಿಸಿ. 9ರ ಝೂಮ್‌ನಲ್ಲಿ 3.3 ಮಿ.ಮೀ. ಬಂದರೆ ನಿಮ್ಮ 40ರ ಗಾಜು ಕೆಲಸ ಮಾಡುತ್ತಿರುವುದು 30ರಷ್ಟೇ. ಅಂಚಿನ ಮಸುಕು ಮುಚ್ಚಿಹಾಕಲು ಒಳಗೆ ಒಂದು ಉಂಗುರ ಕೂರಿಸಿ ಗಾಜನ್ನು ಕಿರಿದು ಮಾಡಿರುತ್ತಾರೆ.

ಲೇಪನದ ಬಗ್ಗೆ ಒಂದೇ ಮಾತು. ಲೇಪನ ಇಲ್ಲದ ಗಾಜಿನ ಪ್ರತಿ ಮೈಯಿಂದಲೂ ಸುಮಾರು ಶೇ 4ರಷ್ಟು ಬೆಳಕು ವಾಪಸ್ ಹೋಗುತ್ತದೆ. ಅಂಥ 10 ಮೈ ದಾಟುವಷ್ಟರಲ್ಲಿ ಉಳಿಯುವುದು ಶೇ 66. ಪ್ರತಿ ಮೈಯ ನಷ್ಟವನ್ನು ಶೇ 0.5ಕ್ಕೆ ಇಳಿಸುವ ಒಳ್ಳೆ ಲೇಪನವಿದ್ದರೆ ಶೇ 95 ಉಳಿಯುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಅಂಗಡಿಯ ದೀಪದ ಕೆಳಗಂತೂ ಇಲ್ಲವೇ ಇಲ್ಲ. ಬೆಳಕು ಇಳಿಯುವ ಹೊತ್ತಿಗೆ ಗೊತ್ತಾಗುತ್ತದೆ.

ಮೂರನೆಯದು: ಬಂದೂಕು ಬೇಡ, ರಟ್ಟಿನ ಡಬ್ಬಿ ಸಾಕು

ಇದನ್ನು ರಿಂಗ್‌ಗೆ (ಸ್ಕೋಪನ್ನು ಬಂದೂಕಿನ ಮೇಲೆ ಹಿಡಿದಿಡುವ ಬಳೆಗೆ) ಹಾಕುವ ಮುಂಚೆಯೇ ಮಾಡಿ. ಕೊಳವೆಯ ಮೇಲೆ ರಿಂಗಿನ ಗುರುತು ಬಿದ್ದ ಮೇಲೆ ವಾಪಸ್ ತೆಗೆದುಕೊಳ್ಳಲು ಅಂಗಡಿಯವರು ಮೂಗು ಮುರಿಯುತ್ತಾರೆ.

ಗಟ್ಟಿ ಡಬ್ಬಿಯ ಎರಡು ಎದುರು ಬದಿಗಳಲ್ಲಿ ತ್ರಿಕೋನದ ಕಚ್ಚು ಮಾಡಿ, ಅಲ್ಲಾಡದಂತೆ ಒಳಗೆ ಭಾರ ಇಡಿ, ಕಚ್ಚಿನಲ್ಲಿ ಸ್ಕೋಪ್ ಕೂರಿಸಿ. 25 ಮೀಟರ್ ದೂರದಲ್ಲಿ ಚೌಕುಳಿ ಗೆರೆ ಎಳೆದ ಕಾಗದ ಅಂಟಿಸಿ. ಈಗ ಕ್ರಾಸ್‌ಹೇರನ್ನು (ಸ್ಕೋಪಿನೊಳಗೆ ಗುರಿ ತೋರಿಸುವ ಅಡ್ಡ-ಉದ್ದ ಗೆರೆ) ಕಾಗದದ ಒಂದು ಗೆರೆಯ ಮೇಲೆ ಇಟ್ಟು ಝೂಮ್ ಮೇಲೆ ಕೆಳಗೆ ಮಾಡಿ. ಡಬ್ಬಿ ಅಲುಗಿಲ್ಲ, ಆದರೂ ಕ್ರಾಸ್‌ಹೇರ್ ಗೆರೆ ಬಿಟ್ಟು ಅಲೆದಾಡಿದರೆ ಆ ಸ್ಕೋಪ್ ಝೂಮ್ ಬದಲಿಸಿದಾಗಲೆಲ್ಲ ನಿಮ್ಮ ಗುರಿಯನ್ನೂ ಬದಲಿಸುತ್ತದೆ.

ಆಮೇಲೆ ಟರೆಟ್. ಕಾಲು ಎಂಒಎ (ಕೋನದ ಅಳತೆ, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಕ್ಲಿಕ್ ಇರುವ ಸ್ಕೋಪ್ ಆದರೆ ಒಂದು ಕ್ಲಿಕ್ ಅಂದರೆ 100 ಮೀಟರ್‌ನಲ್ಲಿ 7.3 ಮಿ.ಮೀ., 25 ಮೀಟರ್‌ನಲ್ಲಿ 1.8 ಮಿ.ಮೀ. ನಲವತ್ತು ಕ್ಲಿಕ್ ಕೊಟ್ಟರೆ ಕ್ರಾಸ್‌ಹೇರ್ ಕಾಗದದ ಮೇಲೆ ಸುಮಾರು 73 ಮಿ.ಮೀ. ಸರಿಯಬೇಕು. ಅಷ್ಟೇ ವಾಪಸ್ ಕೊಟ್ಟರೆ ಹೊರಟ ಗೆರೆಗೇ ಬಂದು ನಿಲ್ಲಬೇಕು. ನನ್ನ ನಕಲು ಸ್ಕೋಪನ್ನು ಕೊನೆಗೊಮ್ಮೆ ಹೀಗೆ ಕೂರಿಸಿ ನೋಡಿದಾಗ ಹೋಗುವಾಗ ಸರಿಯಾಗೇ ಹೋಯಿತು, ಬರುವಾಗ ನಾಲ್ಕು ಕ್ಲಿಕ್ಕಿನಷ್ಟು ಹಿಂದೆ ನಿಂತುಬಿಟ್ಟಿತು. ಟರೆಟ್ ತಲೆಗೆ ಪೆನ್ಸಿಲ್ಲಿನಿಂದ ಟಕ್ ಟಕ್ ಅಂತ ಮೆಲ್ಲಗೆ ತಟ್ಟಿದೆ. ಕಣ್ಣೆದುರೇ ಕ್ರಾಸ್‌ಹೇರ್ ಜಾರಿ ಗೆರೆಗೆ ಬಂತು! ಇಷ್ಟು ದಿನ ಹೊಡೆದ ಪೆಲೆಟ್ಟೆಲ್ಲ ಯಾಕೆ ದಂಡವಾಯಿತು ಅಂತ ಆ ಒಂದು ಜಾರುವಿಕೆಯಲ್ಲೇ ಅರ್ಥವಾಯಿತು.

ಡಬ್ಬಿಯಲ್ಲಿ ಕೂತಿರುವಾಗಲೇ ತಲೆಯನ್ನು ಸ್ವಲ್ಪ ಆಚೀಚೆ ಆಡಿಸಿ. ಕ್ರಾಸ್‌ಹೇರ್ ಗುರಿಯ ಮೇಲೆ ತೇಲಿದಂತೆ ಕಂಡರೆ ಅದು ಪ್ಯಾರಲಾಕ್ಸ್. ಇದಕ್ಕೆ ತಕ್ಷಣ ಸ್ಕೋಪನ್ನು ಬೈಯಬೇಡಿ, ಪ್ಯಾರಲಾಕ್ಸ್ ಗುಂಡಿ ಇಲ್ಲದ ಸ್ಕೋಪ್‌ಗಳಲ್ಲಿ ಬಹಳಷ್ಟನ್ನು 100 ಗಜಕ್ಕೆ ಹೊಂದಿಸಿ ಕಳಿಸಿರುತ್ತಾರೆ, ಹತ್ತಿರದಲ್ಲಿ ತೇಲುವುದು ಸಹಜ. ಇನ್ನು ಮುಂದಿನ ಗಾಜಿನೊಳಗೆ ಟಾರ್ಚ್ ಬಿಟ್ಟು ಧೂಳು, ಲೋಹದ ಪುಡಿ ಇದೆಯಾ ನೋಡಿ. ಪುಡಿ ಕಂಡರೆ ಅಲ್ಲಿಗೆ ಮುಗಿಯಿತು, ವಾಪಸ್ ಕಳಿಸಿ.

ನಾಲ್ಕನೆಯದು: ಕೂರಿಸುವುದು

ಬಂದೂಕು ಖಾಲಿ ಇದೆಯಾ ನೋಡಿ. ಮ್ಯಾಗಝಿನ್ ತೆಗೆದು, ಚೇಂಬರಿನೊಳಗೆ ಕಣ್ಣಿಟ್ಟು, ಇನ್ನೊಂದು ಸಲ ನೋಡಿ. ಸ್ಕೋಪ್ ಕೆಟ್ಟಿದೆ ಅಂತ ದೂರುವವರಲ್ಲಿ ಎಷ್ಟೋ ಜನರದ್ದು ಸಡಿಲ ರಿಂಗಿನ ಸಮಸ್ಯೆ. ಹಾಗಂತ ಶಕ್ತಿ ಎಲ್ಲ ಬಿಟ್ಟು ಬಿಗಿದರೆ ತೆಳು ಕೊಳವೆ ಅಮುಕಿಹೋಗಿ ಒಳಗಿನದೆಲ್ಲ ಹಿಡಿದುಕೊಳ್ಳುತ್ತದೆ. ರಿಂಗಿನ ಮೇಲಿನ ಸ್ಕ್ರೂಗಳ ಬಿಗಿತ ಸಾಮಾನ್ಯವಾಗಿ 2 ನ್ಯೂಟನ್ ಮೀಟರ್ ಆಸುಪಾಸಿನಲ್ಲಿರುತ್ತದೆ, ರಿಂಗಿನ ಜೊತೆ ಬಂದ ಚೀಟಿಯಲ್ಲಿ ಏನಿದೆಯೋ ಅದೇ ಅಂತಿಮ.

ಸ್ಪ್ರಿಂಗ್ ಏರ್ ರೈಫಲ್ ಇರುವವರಿಗೆ ಒಂದು ಕಿವಿಮಾತು. "ಏರ್ ಗನ್ ತಾನೇ, ಯಾವ ಸ್ಕೋಪ್ ಆದರೇನು" ಅನ್ನಬೇಡಿ. ಒಳಗಿನ ಪಿಸ್ಟನ್ ಮುಂದೆ ನುಗ್ಗುವಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ಗಕ್ಕನೆ ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಮಾಮೂಲಿ ರೈಫಲ್ ಸ್ಕೋಪ್‌ಗಳನ್ನು ಹಿಂದಿನ ಒದೆತ ತಡೆಯುವಂತೆ ಮಾಡಿರುತ್ತಾರೆ, ಈ ಮುಂದಿನ ಜಗ್ಗಾಟಕ್ಕಲ್ಲ. ದುಬಾರಿ ಸ್ಕೋಪೂ ಇದರಲ್ಲಿ ಸತ್ತಿದ್ದುಂಟು. ಏರ್ ರೈಫಲ್‌ಗೆ ಅಂತಲೇ ಮಾಡಿದ್ದನ್ನು ಕೇಳಿ ತೆಗೆದುಕೊಳ್ಳಿ.

ಐದನೆಯದು: ಮೈದಾನದಲ್ಲಿ ಚೌಕ ಹೊಡೆಯಿರಿ

ಝೀರೋ ಮಾಡಿ ಮೂರು ಹೊಡೆಯಿರಿ. ಗುರಿ ಇಡುವ ಚುಕ್ಕೆ ಬದಲಿಸದೆ 20 ಕ್ಲಿಕ್ ಮೇಲೆ, ಮೂರು. 20 ಬಲಕ್ಕೆ, ಮೂರು. 20 ಕೆಳಗೆ, ಮೂರು. 20 ಎಡಕ್ಕೆ ಬಂದು ಮತ್ತೆ ಮೂರು. ಕೊನೆಯ ಗುಂಪು ಮೊದಲ ಗುಂಪಿನ ಮೇಲೇ ಬೀಳಬೇಕು. ರೈಫಲ್ಲಿನ ಮಾಮೂಲಿ ಹರಡುವಿಕೆಯಷ್ಟು ಆಚೀಚೆ ಆದರೆ ಚಿಂತೆಯಿಲ್ಲ.

ಆದರೆ ಚೌಕ ಮುಚ್ಚಿಕೊಂಡಿತು ಅಂತ ಬೀಗಬೇಡಿ. ಪ್ರತಿ ಕ್ಲಿಕ್ಕೂ ಶೇ 8ರಷ್ಟು ಗಿಡ್ಡ ಇದ್ದರೂ ಚೌಕ ಅಂದವಾಗಿ ಮುಚ್ಚಿಕೊಳ್ಳುತ್ತದೆ, ಸ್ವಲ್ಪ ಸಣ್ಣ ಚೌಕ ಅಷ್ಟೇ! ದೂರದ ಗುರಿಗೆ ಟರೆಟ್ ತಿರುಗಿಸಿ ಹೊಡೆಯುವವರು ಎತ್ತರದ ಹಾಳೆಯ ಮೇಲೆ ತೂಗುಗುಂಡು ಬಿಟ್ಟು ನೇರ ಗೆರೆ ಎಳೆದು, ಸರಿಯಾಗಿ 100 ಮೀಟರ್ ಅಳೆದು, 10 ಮಿಲ್ (ಇದೂ ಕೋನದ ಅಳತೆ, 100 ಮೀಟರ್‌ನಲ್ಲಿ ಒಂದು ಮಿಲ್ ಅಂದರೆ 10 ಸೆಂ.ಮೀ.) ಮೇಲೆ ತಿರುಗಿಸಬೇಕು. ಗುಂಡು ಸರಿಯಾಗಿ 1 ಮೀಟರ್ ಮೇಲೆ ಹೋಗಬೇಕು. 92 ಸೆಂ.ಮೀ. ಹೋಯಿತಾ? ಹಾಗಾದರೆ ನಿಮ್ಮ ಲೆಕ್ಕ ಎಲ್ಲ ಸರಿ ಇದ್ದರೂ ದೂರದಲ್ಲಿ ಪ್ರತಿ ಸಲ ಗುಂಡು ಕೆಳಗೇ ಬೀಳುತ್ತದೆ. ಮರುದಿನ ಬೆಳಿಗ್ಗೆ, ಏನೂ ಮುಟ್ಟದೆ, ಝೀರೋ ಹಾಗೇ ಇದೆಯಾ ಅಂತಲೂ ಒಂದು ಸಲ ನೋಡಿ.

ಸರಿ, ಕೊಳ್ಳಬಹುದಾ?

ಬೇರೆಯವರ ಲೋಗೋ ಹಾಕಿದ್ದನ್ನು ಬೇಡ. ಒದೆತವೇ ಇಲ್ಲದ ಆಟಿಕೆ ಬಂದೂಕಿನ ಅಂದಕ್ಕಾದರೆ ಅದು ನಿಮ್ಮಿಷ್ಟ, ಗುಂಡು ಹಾರಿಸುವ ಬಂದೂಕಿಗೆ ಮಾತ್ರ ಬೇಡವೇ ಬೇಡ.

ಸ್ವಂತ ಹೆಸರಿನ ಅಗ್ಗದ್ದು ಆಗಬಹುದು, .22ರಂಥ ಸಣ್ಣ ಗುಂಡಿನ, ಮೆತ್ತಗಿನ ರೈಫಲ್‌ಗೆ, ಒಂದು ದೂರಕ್ಕೆ ಝೀರೋ ಮಾಡಿ ಟರೆಟ್ ಮುಟ್ಟದೆ ಡಬ್ಬ ಉರುಳಿಸುವ ಅಭ್ಯಾಸಕ್ಕೆ. ಜೋರಾಗಿ ಒದೆಯುವ ರೈಫಲ್, ಟರೆಟ್ ತಿರುಗಿಸಿ ಹೊಡೆಯುವ ದೂರದ ಗುರಿ, ಮುಸ್ಸಂಜೆಯ ಬೇಟೆ, ಈ ಮೂರಕ್ಕೆ ಕಾಯ್ದು ದುಡ್ಡು ಕೂಡಿಸಿ ಒಳ್ಳೆಯದನ್ನೇ ತೆಗೆದುಕೊಳ್ಳಿ. ಬೇಟೆಯಲ್ಲಂತೂ ಝೀರೋ ಕದಲಿದರೆ ಅದರ ಬೆಲೆ ತೆರುವುದು ಗಾಯಗೊಂಡು ಪೊದೆ ಸೇರುವ ಪ್ರಾಣಿ.

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಗುಂಡಿಗಳನ್ನು ಕಡಿಮೆ ಮಾಡಿಕೊಳ್ಳಿ. ಅದೇ ಬೆಲೆಗೆ ಸಿಗುವ 6-24 ಝೂಮ್, ಕೆಂಪು ಹಸಿರು ದೀಪದ ಜಾತ್ರೆಗಿಂತ ಝೂಮೇ ಇಲ್ಲದ ಸಾದಾ 4× ಅಥವಾ 6× ಸ್ಕೋಪ್ ಎಷ್ಟೋ ಮೇಲು. ಒಳಗೆ ಆಡುವ ಭಾಗ ಕಡಿಮೆ, ಕೆಡುವುದೂ ಕಡಿಮೆ. ಒಳ್ಳೆ ಕಂಪನಿಯದ್ದೇ ಬಳಸಿದ ಸ್ಕೋಪ್ ಸಿಕ್ಕರೆ ಇನ್ನೂ ಒಳ್ಳೆಯದು, ರಟ್ಟಿನ ಡಬ್ಬಿ ಪರೀಕ್ಷೆ ಅದಕ್ಕೂ ನಡೆಯುತ್ತದೆ.

ನನ್ನ ಆ ನಕಲು ಸ್ಕೋಪ್ ಇನ್ನೂ ಮನೆಯಲ್ಲಿದೆ. ಅದು ಈಗಲೂ ರಟ್ಟಿನ ಡಬ್ಬಿಯ ಕಚ್ಚಿನಲ್ಲೇ ಕೂತಿದೆ. ಯಾರಾದರೂ ಅಗ್ಗದ ಸ್ಕೋಪ್ ಬಗ್ಗೆ ಕೇಳಿದರೆ ಅವರ ಕೈಗೆ ಪೆನ್ಸಿಲ್ ಕೊಟ್ಟು, ಕಣ್ಣಿಡಲು ಹೇಳಿ, ಟರೆಟ್ ಮೇಲೆ ತಟ್ಟಿ ನೋಡಿ ಅನ್ನುತ್ತೇನೆ.