ಥೀಮ್ ಪಾರ್ಕ್ ಇಂಟರ್ನ್‌ಶಿಪ್: ವಾರದ ಬಟವಾಡೆಯಲ್ಲಿ ಖರ್ಚು ನಿಭಾಯಿಸುವ ಬಗೆ

ಫ್ಲಾರಿಡಾದ ಒರ್ಲ್ಯಾಂಡೊ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಕಾಲೇಜು ವಿದ್ಯಾರ್ಥಿಗಳು ಕೆಲವು ತಿಂಗಳ ಕಾಲ ಸಂಬಳಕ್ಕೆ ದುಡಿಯುತ್ತ ಕೆಲಸ ಕಲಿಯುವ ಏರ್ಪಾಡು 1981ರಲ್ಲಿ ಶುರುವಾಯಿತು. ಇಂದು ಅದು ಡಿಸ್ನಿ ಕಾಲೇಜ್ ಪ್ರೋಗ್ರಾಂ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಸವಾರಿಯ ಮುಂದೆ ಸರದಿ ನಿಭಾಯಿಸುವುದು, ತಿಂಡಿಯ ಕೌಂಟರಿನಲ್ಲಿ ನಿಲ್ಲುವುದು, ಅಂಗಡಿ ನೋಡಿಕೊಳ್ಳುವುದು, ಹೋಟೆಲಿನ ಕೋಣೆ ಅಣಿಗೊಳಿಸುವುದು, ಹೀಗೆ ಪಾಲಿಗೆ ಬಂದ ಕೆಲಸ ಯಾವುದೇ ಆಗಿರಲಿ, ಹಣದ ಮಟ್ಟಿಗೆ ಎಲ್ಲರ ಸ್ಥಿತಿಯೂ ಒಂದೇ: ಕೂಲಿ ಗಂಟೆಯ ಲೆಕ್ಕದ್ದು, ಬಟವಾಡೆ ವಾರಕ್ಕೊಮ್ಮೆ, ಮತ್ತು ಸಂಸ್ಥೆಯ ವಸತಿಯಲ್ಲಿದ್ದರೆ ಬಾಡಿಗೆ ಕೈಗೆ ಬರುವ ಮೊದಲೇ ಕಡಿತವಾಗಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಮನೆಯಲ್ಲಿ ಹೇಳಿ ಕಳುಹಿಸಿರುತ್ತಾರೆ, ಅದು ಸರಿಯೇ. ಆದರೆ ಇಲ್ಲಿ ಹಾಸಿಗೆಯ ಉದ್ದವೇ ವಾರದಿಂದ ವಾರಕ್ಕೆ ಬದಲಾಗುತ್ತದೆ. ಆದ್ದರಿಂದ ಖರ್ಚಿನ ಯೋಜನೆಯನ್ನು ಸರಾಸರಿ ವಾರಕ್ಕಾಗಲಿ ಒಳ್ಳೆಯ ವಾರಕ್ಕಾಗಲಿ ಹೊಂದಿಸದೆ, ಅತಿ ಕಡಿಮೆ ಗಂಟೆ ಸಿಗುವ ವಾರಕ್ಕೆ ಹೊಂದಿಸಬೇಕು. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಏಕೆ ಹೀಗೆ ಎನ್ನುವುದು ಲೆಕ್ಕ ಹಾಕಿದಾಗ ತಿಳಿಯುತ್ತದೆ. ಉದಾಹರಣೆಗೆಂದು ಮಾತ್ರ ಗಂಟೆಗೆ 18 ಡಾಲರ್ ಕೂಲಿ, ವಾರಕ್ಕೆ 200 ಡಾಲರ್ ಬಾಡಿಗೆ ಎಂದಿಟ್ಟುಕೊಳ್ಳೋಣ. ನಿಮ್ಮ ಅಂಕಿಗಳನ್ನು ನಿಮ್ಮ ನೇಮಕಾತಿ ಪತ್ರದಿಂದಲೇ ತೆಗೆದುಕೊಳ್ಳಬೇಕು. 40 ಗಂಟೆಯ ವಾರದಲ್ಲಿ ಒಟ್ಟು ಕೂಲಿ 720 ಡಾಲರ್. ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ) ಮತ್ತು ಮೆಡಿಕೇರ್ (ವೃದ್ಧರ ಆರೋಗ್ಯ ವಿಮೆ) ಎಂಬ ಎರಡು ಕಡಿತಗಳು ಸೇರಿ ಶೇ. 7.65, ಅಂದರೆ ಸುಮಾರು 55 ಡಾಲರ್. ಅಮೆರಿಕದ ನಿವಾಸಿಯಾದ ಅವಿವಾಹಿತ ವಿದ್ಯಾರ್ಥಿಗೆ ಫೆಡರಲ್ ಆದಾಯ ತೆರಿಗೆಯ ಮುಂಗಡ ಕಡಿತ ಸುಮಾರು 45 ಡಾಲರ್. ಬಾಡಿಗೆಯೂ ಹೋದ ಮೇಲೆ ಕೈಯಲ್ಲಿ ಉಳಿಯುವುದು 420 ಡಾಲರ್. ಅದೇ ವಿದ್ಯಾರ್ಥಿಗೆ 24 ಗಂಟೆ ಮಾತ್ರ ಸಿಕ್ಕ ವಾರದಲ್ಲಿ ಒಟ್ಟು ಕೂಲಿ 432 ಡಾಲರ್, ಶೇ. 7.65ರ ಕಡಿತವೂ ಆದಾಯ ತೆರಿಗೆಯೂ ಸೇರಿ 46ರ ಆಸುಪಾಸು, ಬಾಡಿಗೆ ಮಾತ್ರ ಅದೇ 200. ಉಳಿಯುವುದು 186 ಡಾಲರ್. ಗಂಟೆಗಳು ಐದರಲ್ಲಿ ಎರಡು ಪಾಲು ಇಳಿದರೆ ಕೈಗೆ ಸಿಗುವ ಹಣ ಅರ್ಧಕ್ಕಿಂತಲೂ ಹೆಚ್ಚು ಇಳಿಯಿತು, ಏಕೆಂದರೆ ಗಂಟೆಗಳು ಇಳಿದರೂ ಬಾಡಿಗೆ ಇಳಿಯುವುದಿಲ್ಲ. ಊಟ, ಫೋನು, ಸಾಬೂನು, ಔಷಧಿಗಳೆಲ್ಲ ಈ 186ರೊಳಗೆ ಬರುವಂತೆ ಮೊದಲ ವಾರದಿಂದಲೇ ರೂಢಿಸಿಕೊಂಡವರಿಗೆ ಉಳಿದ ವಾರಗಳ ಹೆಚ್ಚಿನ ಹಣವೆಲ್ಲ ಉಳಿತಾಯವಾಗುತ್ತದೆ. 420ಕ್ಕೆ ಒಗ್ಗಿಕೊಂಡವರು ಸಾಲ ಕೇಳುವ ದಿನ ದೂರವಿರುವುದಿಲ್ಲ.

ಗಂಟೆಗಳು ಏರುವುದೂ ಇಳಿಯುವುದೂ ಆಕಸ್ಮಿಕವಲ್ಲ, ಅದಕ್ಕೊಂದು ಋತುಮಾನವಿದೆ. ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗಿನ ವಾರ, ನವೆಂಬರಿನ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್, ವಸಂತದ ರಜೆ ಮತ್ತು ಈಸ್ಟರ್ ದಿನಗಳಲ್ಲಿ ಜನ ಕಿಕ್ಕಿರಿಯುತ್ತಾರೆ, ಪಾಳಿಗಳು ಉದ್ದವಾಗುತ್ತವೆ. ಶಾಲೆಗಳು ಮತ್ತೆ ತೆರೆಯುವ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಸಂದಣಿ ತಗ್ಗುತ್ತದೆ. ಚಂಡಮಾರುತದ ಕಾಲವೂ ಇದೇ. ಅಟ್ಲಾಂಟಿಕ್‌ನಲ್ಲಿ ಅದು ಜೂನ್ 1ರಿಂದ ನವೆಂಬರ್ 30ರವರೆಗೆ. 2022ರ ಸೆಪ್ಟೆಂಬರಿನಲ್ಲಿ ಇಯಾನ್ ಚಂಡಮಾರುತ ಬಂದಾಗಲೂ 2024ರ ಅಕ್ಟೋಬರಿನಲ್ಲಿ ಮಿಲ್ಟನ್ ಬಂದಾಗಲೂ ಪಾರ್ಕ್‌ಗಳು ಬಾಗಿಲು ಮುಚ್ಚಿದ್ದವು. ಅಂಥ ದಿನ ಪಾಳಿ ತಪ್ಪುವುದರ ಜೊತೆಗೆ ನೀರು, ಒಲೆ ಹಚ್ಚದೆ ತಿನ್ನಬಹುದಾದ ಆಹಾರ, ಬ್ಯಾಟರಿಗಳಿಗೆ ಮುಂಚಿತವಾಗಿ ಖರ್ಚು ಮಾಡಿರಬೇಕಾಗುತ್ತದೆ. ಆಗಸ್ಟ್‌ನಲ್ಲಿ ಕೆಲಸಕ್ಕೆ ಸೇರುವವರು ಇದನ್ನು ವಿಶೇಷವಾಗಿ ಗಮನಿಸಬೇಕು: ಅವರ ಮೊದಲ ವಾರಗಳು ಇಡೀ ವರ್ಷದಲ್ಲೇ ಬಿಡುವಾದ ಕಾಲಕ್ಕೆ ಬೀಳುತ್ತವೆ, ಮತ್ತು ಕೈಯಲ್ಲಿ ಉಳಿತಾಯವಿಲ್ಲದಿರುವುದೂ ಆಗಲೇ.

ಆದ್ದರಿಂದ ಹೊರಡುವ ಮೊದಲೇ ಮೂರು ವಾರಗಳ ಊಟ ಮತ್ತು ಓಡಾಟದ ಹಣ ಜೊತೆಗಿರಬೇಕು. ಕೆಲಸ ಮಾಡಿದ ವಾರದ ಬಟವಾಡೆ ಆ ವಾರವೇ ಕೈಸೇರುವುದಿಲ್ಲ. ಮೊದಲ ವಾರವೆಲ್ಲ ತರಬೇತಿಯಲ್ಲಿ ಕಳೆಯುವುದರಿಂದ ಗಂಟೆಗಳೂ ಕಡಿಮೆ. ಇದರ ಮೇಲೆ ಚಾದರ, ದಿಂಬು, ಪಾತ್ರೆ, ಪಾದರಕ್ಷೆಗಳೆಂದು ಒಮ್ಮೆಗೇ ಖರ್ಚು ಬರುತ್ತದೆ. ಇದರ ಜೊತೆಗೆ, ಊರಿಗೆ ಮರಳುವ ಟಿಕೆಟ್ಟಿನಷ್ಟು ಹಣವನ್ನು ಬೇರೆಯಾಗಿಟ್ಟು ಅದನ್ನು ಮುಟ್ಟಲೇಬಾರದು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಪಾರ್ಕ್‌ಗಳು ಮುಚ್ಚಿದಾಗ ಈ ಕಾರ್ಯಕ್ರಮವೂ ಅರ್ಧಕ್ಕೇ ನಿಂತಿತು, ವಿದ್ಯಾರ್ಥಿಗಳು ಕೆಲವೇ ದಿನಗಳಲ್ಲಿ ವಸತಿ ತೆರವು ಮಾಡಬೇಕಾಯಿತು, ಮತ್ತೆ ಅದು ಆರಂಭವಾದದ್ದು 2021ರಲ್ಲಿ. ಅಂಥ ದಿನ ಮತ್ತೆ ಬಾರದಿರಲಿ ಎಂದೇ ನನ್ನ ಹಾರೈಕೆ. ಆದರೂ ಟಿಕೆಟ್ಟಿನ ಹಣ ಕೈಯಲ್ಲಿದ್ದ ವಿದ್ಯಾರ್ಥಿಯೂ ಇಲ್ಲದ ವಿದ್ಯಾರ್ಥಿಯೂ ಅಂದು ಅನುಭವಿಸಿದ ಆತಂಕ ಒಂದೇ ಆಗಿರಲಾರದು.

ವಸತಿಯ ವಿಷಯದಲ್ಲಿ ನಿರ್ಧಾರ ಒಂದೇ ಸಲ ಮಾಡುವಂಥದ್ದು, ಅದರ ಪರಿಣಾಮ ಮಾತ್ರ ಕೊನೆಯ ವಾರದವರೆಗೂ ಇರುತ್ತದೆ. 2021ರಿಂದ ವಿದ್ಯಾರ್ಥಿಗಳಿಗೆ ಕೊಡುತ್ತಿರುವ ವಸತಿ ಡಿಸ್ನಿ ವರ್ಲ್ಡ್‌ನ ಪಶ್ಚಿಮ ಅಂಚಿನಲ್ಲಿರುವ ಫ್ಲೆಮಿಂಗೊ ಕ್ರಾಸಿಂಗ್ಸ್ ವಿಲೇಜ್. ಪೀಠೋಪಕರಣ, ಅಡುಗೆಮನೆ, ವಿದ್ಯುತ್ತು, ಇಂಟರ್ನೆಟ್ ಬಾಡಿಗೆಯಲ್ಲೇ ಸೇರಿವೆ. ಕೆಲಸದ ಜಾಗಗಳಿಗೆ ಉಚಿತ ಬಸ್ಸೂ ಇದೆ. ಹೊರಗಿನ ಕೋಣೆಯ ಬಾಡಿಗೆ ಕಡಿಮೆ ಎಂದು ತೋರಿದಾಗ ಇವೆಲ್ಲದರ ಬೆಲೆಯನ್ನು ಕೂಡಿಸಿ ಹೋಲಿಸಬೇಕು, ಅದರಲ್ಲೂ ವಾಹನದ ಖರ್ಚನ್ನು. ಕಾರಿನ ಕಂತು ಒಂದು ಕಡೆ, 25 ತುಂಬದ ಚಾಲಕರಿಗೆ ಬೀಳುವ ವಿಮೆಯ ಹೊರೆ ಇನ್ನೊಂದು ಕಡೆ. ಕೆಲವೇ ತಿಂಗಳಿಗೆಂದು ಬಂದವರು ಕಾರು ಕೊಳ್ಳುವುದನ್ನು ನಾನು ಒಪ್ಪಲಾರೆ. ವಸತಿಯೊಳಗೆ ಆಯ್ಕೆಯಿದ್ದರೆ, ಕೋಣೆ ಹಂಚಿಕೊಂಡು ಇರುವುದರಿಂದ ಪ್ರತಿ ವಾರ ಉಳಿಯುವ ಮೊತ್ತವನ್ನು ಒಟ್ಟು ವಾರಗಳಿಂದ ಗುಣಿಸಿ ನೋಡಿ. ವಾರಕ್ಕೆ 25 ಡಾಲರ್ ವ್ಯತ್ಯಾಸವಿದ್ದರೆ 20 ವಾರಗಳಲ್ಲಿ ಅದು 500 ಡಾಲರ್. ನಿದ್ದೆ ಸೂಕ್ಷ್ಮವಾಗಿದ್ದು, ಪಾಳಿ ಮುಗಿಸಿ ಬರುವ ಹೊತ್ತಿಗೆ ಜೊತೆಗಾರರು ಎಚ್ಚರವಿರುತ್ತಾರೆ ಎಂಬ ಅಂಜಿಕೆಯಿದ್ದರೆ ಆ 500 ಡಾಲರ್ ಕೊಟ್ಟು ಪ್ರತ್ಯೇಕ ಕೋಣೆ ಪಡೆಯುವುದೂ ತಪ್ಪಲ್ಲ, ಆದರೆ ಗೊತ್ತಿದ್ದು ಕೊಡಬೇಕು.

ಬಾಡಿಗೆಯ ನಂತರ ದೊಡ್ಡ ಖರ್ಚು ಊಟದ್ದು, ಮತ್ತು ವಿದ್ಯಾರ್ಥಿಯ ಕೈಯಲ್ಲಿ ನಿಜವಾಗಿ ಇರುವ ಖರ್ಚು ಇದೊಂದೇ. ಫ್ಲಾರಿಡಾದಲ್ಲಿ ಮಾರಾಟ ತೆರಿಗೆ ಶೇ. 6, ಒರ್ಲ್ಯಾಂಡೊ ಇರುವ ಆರೆಂಜ್ ಕೌಂಟಿಯಲ್ಲಿ ಸ್ಥಳೀಯ ತೆರಿಗೆ ಸೇರಿ ಶೇ. 6.5; ಆದರೆ ಅಕ್ಕಿ, ಬೇಳೆ, ಹಾಲು, ತರಕಾರಿಗಳಂಥ ದಿನಸಿಗೆ ಈ ತೆರಿಗೆಯಿಲ್ಲ, ಬಿಸಿಯಾಗಿ ಕೊಡುವ ಸಿದ್ಧ ಆಹಾರಕ್ಕೆ ಇದೆ. ಮನೆಯಲ್ಲಿ ಬೇಯಿಸಿ ತಿನ್ನುವವರಿಗೆ ಅಷ್ಟರಮಟ್ಟಿಗೆ ಕಾನೂನೇ ಅನುಕೂಲವಾಗಿದೆ. ಅಡುಗೆ ಮಾಡಲು ಬಾರದೆ ಇರುವುದಕ್ಕಿಂತ, ಹತ್ತು ಗಂಟೆ ಬಿಸಿಲಲ್ಲಿ ನಿಂತು ಬಂದ ಮೇಲೆ ಅಡುಗೆ ಮಾಡುವ ಮನಸ್ಸು ಇಲ್ಲದಿರುವುದೇ ಹೊರಗಿನ ಊಟಕ್ಕೆ ಮುಖ್ಯ ಕಾರಣ. ಫೋನಿನಲ್ಲಿ ತರಿಸುವ ಒಂದು ಊಟಕ್ಕೆ ತಲುಪಿಸುವ ಶುಲ್ಕ ಮತ್ತು ಟಿಪ್ಸ್ ಸೇರಿದಾಗ ಅದು ಒಂದು ಗಂಟೆಯ ದುಡಿಮೆಯನ್ನು ಮೀರಿಬಿಡುವುದು ಸಾಮಾನ್ಯ. ಆದ್ದರಿಂದ ಅಡುಗೆಯನ್ನು ರಜೆಯ ದಿನಕ್ಕೆ ಸೇರಿಸಬೇಕು. ವಿದ್ಯುತ್ ಪ್ರೆಶರ್ ಕುಕ್ಕರ್ ಒಂದಿದ್ದರೆ ಸಾರು, ಪಲ್ಯ, ಹುಳಿಗಳನ್ನು ಒಮ್ಮೆಗೇ ಮಾಡಿ ಡಬ್ಬಿಗಳಲ್ಲಿ ಫ್ರೀಜರಿಗೆ ಇಡಬಹುದು, ಪಾಳಿ ಮುಗಿಸಿ ಬಂದ ರಾತ್ರಿ ಅನ್ನಕ್ಕೆ ಇಟ್ಟರೆ ಸಾಕು. ಅಕ್ಕಿ, ಬೇಳೆ, ಸಾಂಬಾರ ಪುಡಿಗಳನ್ನು ಒರ್ಲ್ಯಾಂಡೊದ ಭಾರತೀಯ ದಿನಸಿ ಅಂಗಡಿಗಳಿಂದ ತಿಂಗಳಿಗೊಮ್ಮೆ ನಾಲ್ವರು ಸೇರಿ ಒಂದೇ ಟ್ಯಾಕ್ಸಿಯಲ್ಲಿ ಹೋಗಿ ತಂದರೆ ಪ್ರಯಾಣದ ಖರ್ಚೂ ಹಂಚಿಹೋಗುತ್ತದೆ. ಕೆಲಸದ ಜಾಗಕ್ಕೆ ಬುತ್ತಿ ಮತ್ತು ನೀರಿನ ಬಾಟಲಿ ಒಯ್ಯುವುದು ಒಂದು ಅಭ್ಯಾಸವಾಗಬೇಕು. ನೌಕರರ ಕ್ಯಾಂಟೀನಿನ ದರ ಪಾರ್ಕಿನೊಳಗಿನ ದರಕ್ಕಿಂತ ಕಡಿಮೆಯಾದರೂ ವಾರಕ್ಕೆ ಐದು ಊಟ ಕೊಂಡರೆ ಅದೇ ದೊಡ್ಡ ಮೊತ್ತವಾಗುತ್ತದೆ.

ಉಡುಪಿನ ಖರ್ಚಿಲ್ಲ, ಸಮವಸ್ತ್ರವನ್ನು ಸಂಸ್ಥೆಯೇ ಕೊಟ್ಟು ಒಗೆಸುತ್ತದೆ. ಪಾದರಕ್ಷೆಯನ್ನು ಮಾತ್ರ ನೀವೇ ಕೊಳ್ಳಬೇಕಾಗುತ್ತದೆ, ಅದರಲ್ಲಿ ಜಿಪುಣತನ ಬೇಡ. ದಿನವೆಲ್ಲ ಕಾಂಕ್ರೀಟಿನ ಮೇಲೆ ನಿಂತು ಕಾಲು ಊದಿಕೊಂಡು ಒಂದು ಪಾಳಿ ತಪ್ಪಿದರೆ, ಅಗ್ಗದ ಜೋಡಿಯಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು ಕಳೆದುಕೊಂಡಂತೆ.

ನೌಕರರಿಗೆ ಪಾರ್ಕ್ ಪ್ರವೇಶ ಉಚಿತ, ಅಂಗಡಿಗಳಲ್ಲಿ ರಿಯಾಯಿತಿ. ಉಚಿತ ಪ್ರವೇಶವನ್ನು ಮನಸ್ಸು ತುಂಬ ಬಳಸಿಕೊಳ್ಳಿ. ಕೆಲವರು ವರ್ಷಗಟ್ಟಲೆ ಹಣ ಕೂಡಿಟ್ಟು ಒಮ್ಮೆ ನೋಡುವ ಜಾಗ ಅದು. ರಿಯಾಯಿತಿಯ ಬಗ್ಗೆ ಮಾತ್ರ ಎಚ್ಚರ ಬೇಕು. 40 ಡಾಲರ್‌ನ ಅಂಗಿ 28ಕ್ಕೆ ಸಿಕ್ಕಿತೆಂದರೆ 12 ಉಳಿಯಲಿಲ್ಲ, 28 ಹೋಯಿತು. ನೆನಪಿನ ವಸ್ತುಗಳಿಗೆಂದು ಇಡೀ ಅವಧಿಗೆ ಒಂದು ಮೊತ್ತ ನಿಗದಿಮಾಡಿ, ಕೊಳ್ಳುವುದನ್ನು ಕೊನೆಯ ತಿಂಗಳಿಗೆ ಇಟ್ಟುಕೊಂಡರೆ ಆ ಹೊತ್ತಿಗೆ ಯಾವುದು ನಿಜವಾಗಿ ಬೇಕು ಎಂಬುದೂ ಗೊತ್ತಾಗಿರುತ್ತದೆ.

ಇನ್ನು ಹೆಚ್ಚುವರಿ ಪಾಳಿಗಳು. ವಾರಕ್ಕೆ 40 ಗಂಟೆ ಮೀರಿದರೆ ಒಂದೂವರೆ ಪಟ್ಟು ಕೂಲಿ ಎಂಬುದು ಅಮೆರಿಕದ ಫೆಡರಲ್ ಕಾನೂನಿನ ಸಾಮಾನ್ಯ ನಿಯಮ. ಆದರೆ ವರ್ಷದಲ್ಲಿ ಏಳು ತಿಂಗಳಿಗಿಂತ ಹೆಚ್ಚು ತೆರೆದಿರದ ಋತುಮಾನದ ಮನರಂಜನಾ ಪಾರ್ಕ್‌ಗಳಿಗೆ ಆ ಕಾನೂನಿನಿಂದ ವಿನಾಯಿತಿಯಿದೆ. ಚಳಿಗಾಲದಲ್ಲಿ ಮುಚ್ಚುವ ಉತ್ತರದ ರಾಜ್ಯಗಳ ಪಾರ್ಕಿಗೆ ಹೋಗುವವರು ಈ ಬಗ್ಗೆ ನೇಮಕಾತಿಗೆ ಮೊದಲೇ ವಿಚಾರಿಸಬೇಕು. ಫ್ಲಾರಿಡಾದ ಕನಿಷ್ಠ ಕೂಲಿ ಗಂಟೆಗೆ 2024ರ ಸೆಪ್ಟೆಂಬರ್ 30ರಿಂದ 13 ಡಾಲರ್, 2025ರ ಅದೇ ದಿನದಿಂದ 14, 2026ರ ಅದೇ ದಿನದಿಂದ 15. ಗಂಟೆ ಕಡಿಮೆ ಬಿದ್ದ ವಾರ ಬೇರೆಯವರು ಬಿಟ್ಟುಕೊಟ್ಟ ಪಾಳಿಯನ್ನು ಹಿಡಿಯುವುದು ಒಳ್ಳೆಯದು. ಆದರೆ ಸತತ ಏಳು ದಿನ ದುಡಿದು ಬಳಲಿದವರೇ ಟ್ಯಾಕ್ಸಿ ಹಿಡಿಯುತ್ತಾರೆ, ಊಟ ತರಿಸುತ್ತಾರೆ, ಕಾಯಿಲೆ ಬೀಳುತ್ತಾರೆ. ರಜೆಯ ಒಂದು ದಿನವನ್ನು ಉಳಿಸಿಕೊಳ್ಳುವುದು ಹಣದ ದೃಷ್ಟಿಯಿಂದಲೇ ಸರಿಯಾದ ಲೆಕ್ಕ.

ಬಟವಾಡೆ ವಾರದ್ದು, ಫೋನಿನ ಬಿಲ್ಲೂ ಸಾಲದ ಕಂತೂ ತಿಂಗಳಿನದು. ಇವನ್ನು ನಾಲ್ಕರಿಂದ ಭಾಗಿಸಿ, ಪ್ರತಿ ಬಟವಾಡೆಯ ದಿನವೇ ಆ ಪಾಲನ್ನು ಉಳಿತಾಯ ಖಾತೆಗೆ ವರ್ಗಾಯಿಸಬೇಕು. ಐದು ಬಟವಾಡೆ ಬರುವ ತಿಂಗಳಿನಲ್ಲಿ ಐದನೆಯ ಪಾಲು ತಾನಾಗಿ ಆಪತ್ತಿನ ಹಣವಾಗುತ್ತದೆ. ಭಾರತದಿಂದ ಹೋದವರಿಗೆ ಇನ್ನೊಂದು ಮಾತು: ಗಳಿಕೆಯನ್ನು ರೂಪಾಯಿಗೆ ಗುಣಿಸಿ ನೋಡುವ ಅಭ್ಯಾಸ ಬಿಡಬೇಕು. ಗಳಿಕೆ ದೊಡ್ಡದೆಂಬ ಭ್ರಮೆಯಲ್ಲಿ ಮನೆಗೆ ಹಣ ಕಳುಹಿಸುವ ಮಾತು ಕೊಟ್ಟುಬಿಡುತ್ತೇವೆ, ಖರ್ಚು ದೊಡ್ಡದೆಂಬ ಹೆದರಿಕೆಯಲ್ಲಿ ಊಟ ಬಿಡುತ್ತೇವೆ, ಎರಡೂ ಕೆಡುಕೇ. ಮೊದಲ ಎರಡು ತಿಂಗಳು ಹಣ ನಿರೀಕ್ಷಿಸಬೇಡಿ ಎಂದು ಅಪ್ಪ ಅಮ್ಮನಿಗೆ ಮೊದಲೇ ಹೇಳಿದರೆ ಅವರು ಖಂಡಿತ ಅರ್ಥಮಾಡಿಕೊಳ್ಳುತ್ತಾರೆ.

ಆರೋಗ್ಯದ ಖರ್ಚು ಅಮೆರಿಕದಲ್ಲಿ ಎಲ್ಲ ಉಳಿತಾಯವನ್ನೂ ಒಂದೇ ದಿನದಲ್ಲಿ ನುಂಗಬಲ್ಲದು. ವಿನಿಮಯ ಕಾರ್ಯಕ್ರಮಗಳಡಿ ಹೋಗುವ ವಿದೇಶೀಯರಿಗೆ ಕೊಡುವ ಜೆ-1 ವೀಸಾದವರಿಗೆ ಪ್ರತಿ ಅಪಘಾತ ಅಥವಾ ಕಾಯಿಲೆಗೆ ಕನಿಷ್ಠ 1,00,000 ಡಾಲರ್ ವಿಮೆ ಕಡ್ಡಾಯ. ಅದರಲ್ಲಿ ನೀವು ಮೊದಲು ಭರಿಸಬೇಕಾದ ಪಾಲು 500 ಡಾಲರ್ ಮೀರುವಂತಿಲ್ಲ. ಆ 500 ಡಾಲರ್ ಆಪತ್ತಿನ ಹಣದಲ್ಲಿ ಇರಬೇಕು. ಜ್ವರ, ಉಳುಕಿನಂಥ ಸಣ್ಣ ತೊಂದರೆಗಳಿಗೆ ಆಸ್ಪತ್ರೆಯ ತುರ್ತು ವಿಭಾಗಕ್ಕಿಂತ ಅರ್ಜೆಂಟ್ ಕೇರ್ ಎಂಬ ಚಿಕಿತ್ಸಾಲಯಗಳು ಬಹಳ ಅಗ್ಗ. ಕೆಲಸದ ವೇಳೆಯಲ್ಲೇ ಪೆಟ್ಟಾದರೆ ಕೂಡಲೇ ಮೇಲ್ವಿಚಾರಕರಿಗೆ ತಿಳಿಸಿ ದಾಖಲಿಸಬೇಕು, ಏಕೆಂದರೆ ಅಂಥ ಚಿಕಿತ್ಸೆ ಉದ್ಯೋಗದಾತರ ವಿಮೆಯಿಂದ ಆಗಬೇಕಾದದ್ದು.

ತೆರಿಗೆಯಲ್ಲಿ ಭಾರತೀಯ ವಿದ್ಯಾರ್ಥಿಗಳಿಗೆ ಇರುವ ಅನುಕೂಲಗಳು ಅನೇಕರಿಗೆ ತಿಳಿದೇ ಇಲ್ಲ. ಫ್ಲಾರಿಡಾದಲ್ಲಿ ರಾಜ್ಯದ ಆದಾಯ ತೆರಿಗೆಯಿಲ್ಲ, ಇದು ಎಲ್ಲರಿಗೂ ಅನ್ವಯಿಸುತ್ತದೆ. ತೆರಿಗೆಯ ದೃಷ್ಟಿಯಲ್ಲಿ ಅನಿವಾಸಿಗಳಾದ ಜೆ-1 ವಿದ್ಯಾರ್ಥಿಗಳಿಂದ ಮೇಲೆ ಹೇಳಿದ ಶೇ. 7.65 ಕಡಿತ ಮಾಡುವಂತಿಲ್ಲ. ವೇತನ ಚೀಟಿಯಲ್ಲಿ ಅದು ಕಾಣಿಸಿದರೆ ಮೊದಲು ಉದ್ಯೋಗದಾತರನ್ನೇ ಮರುಪಾವತಿ ಕೇಳಬೇಕು, ಆಗದಿದ್ದರೆ ಫಾರ್ಮ್ 843ರಲ್ಲಿ ತೆರಿಗೆ ಇಲಾಖೆಗೆ ಅರ್ಜಿ ಸಲ್ಲಿಸಬೇಕು. ಎರಡನೆಯದಾಗಿ, ಭಾರತ–ಅಮೆರಿಕ ತೆರಿಗೆ ಒಪ್ಪಂದದ 21ನೆಯ ವಿಧಿಯಂತೆ ಭಾರತದಿಂದ ಹೋದ ವಿದ್ಯಾರ್ಥಿಗಳು ಅನಿವಾಸಿಗಳಾಗಿದ್ದೂ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ತೆರಿಗೆ ಲೆಕ್ಕಹಾಕುವ ಮೊದಲು ಆದಾಯದಿಂದ ಕಳೆಯುವ ನಿಗದಿತ ಮೊತ್ತದ ಸೌಲಭ್ಯ ಪಡೆಯಬಹುದು; ಇದು ಬೇರೆ ದೇಶಗಳ ಅನಿವಾಸಿಗಳಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. 2024ರ ಆದಾಯಕ್ಕೆ ಆ ಮೊತ್ತ 14,600 ಡಾಲರ್. ಆ ವರ್ಷದ ಅಮೆರಿಕದ ಗಳಿಕೆ ಅದರೊಳಗೇ ಇದ್ದವರಿಗೆ ಕಡಿತವಾದ ಫೆಡರಲ್ ಆದಾಯ ತೆರಿಗೆ ಪೂರ್ತಿ ಹಿಂದಿರುಗಿ ಬರಬೇಕು. ಅದಕ್ಕೆ ಫಾರ್ಮ್ 1040-ಎನ್‌ಆರ್ ಮತ್ತು 8843ನ್ನು ಮರುವರ್ಷದ ಏಪ್ರಿಲ್ 15ರೊಳಗೆ ಸಲ್ಲಿಸಬೇಕು; ನಿವಾಸಿಗಳ ಸಾಮಾನ್ಯ 1040 ತುಂಬಿದರೆ ಅದು ತಪ್ಪು ಅರ್ಜಿ.

ಆ ಅರ್ಜಿಗೆ ಬೇಕಾದ, ವರ್ಷದ ಕೂಲಿ ಮತ್ತು ಕಡಿತಗಳನ್ನು ತೋರಿಸುವ ಡಬ್ಲ್ಯು-2 ಪ್ರಮಾಣಪತ್ರ ಜನವರಿ ಕೊನೆಯ ಹೊತ್ತಿಗೆ ಬರುತ್ತದೆ, ಆಗ ನೀವು ಊರಿನಲ್ಲಿರುತ್ತೀರಿ. ಆದ್ದರಿಂದ ಹೊರಡುವ ಮುನ್ನ ಅದನ್ನು ಆನ್‌ಲೈನಿನಲ್ಲಿ ಪಡೆಯುವ ವ್ಯವಸ್ಥೆ ಮಾಡಿಕೊಳ್ಳಿ, ವೇತನ ಚೀಟಿಗಳನ್ನೆಲ್ಲ ಇಳಿಸಿಟ್ಟುಕೊಳ್ಳಿ, ಮತ್ತು ಕೊನೆಯ ಬಟವಾಡೆಯೂ ತೆರಿಗೆಯ ಮರುಪಾವತಿಯೂ ಜಮೆಯಾಗುವವರೆಗೆ ಅಲ್ಲಿನ ಬ್ಯಾಂಕ್ ಖಾತೆಯನ್ನು ಮುಚ್ಚಬೇಡಿ.