ಜೋನ್ ಆಫ್ ಆರ್ಕ್ ವಿಚಾರಣೆಯ ಕಡತ ಓದುವ ಬಗೆ

ಧಾರವಾಡದಲ್ಲಿ 29 ವರ್ಷ ಕೋರ್ಟ್ ಸ್ಟೆನೋ ಆಗಿದ್ದವಳು ನಾನು. ಸಾಕ್ಷಿ ಒಂದು ಹೇಳುತ್ತಾನೆ, ಸಾಹೇಬರು ಅದನ್ನು ತಮ್ಮ ಮಾತಿನಲ್ಲಿ ಬರೆಸುತ್ತಾರೆ, ಕೊನೆಗೆ 'ಓದಿ ಹೇಳಿ ಕೇಳಿದೆ, ಸರಿ ಇದೆ' ಅಂತ ಸಹಿ ಬೀಳುತ್ತದೆ. ಬಾಯಿಂದ ಬಂದ ಮಾತಿಗೂ ಹಾಳೆಗೆ ಇಳಿದ ಮಾತಿಗೂ ನಡುವೆ ಏನೆಲ್ಲ ಸೋರಿಹೋಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ನಿವೃತ್ತಿಯ ನಂತರ ಮಗಳ ಮನೆಗೆ ಫ್ರಾನ್ಸಿಗೆ ಹೋದಾಗ ಕೈಗೆ ಬಂದದ್ದು ಜೋನ್ ಆಫ್ ಆರ್ಕ್ ಮೇಲೆ 1431ರಲ್ಲಿ ರುವಾನ್ ಊರಿನಲ್ಲಿ ನಡೆದ ವಿಚಾರಣೆಯ ಕಡತ. ಸಂತರ ಧ್ವನಿ ಕೇಳಿಸುತ್ತದೆ ಎಂದು ಮನೆ ಬಿಟ್ಟು, ಗಂಡುಡುಪು ತೊಟ್ಟು, ಇಂಗ್ಲಿಷರ ವಿರುದ್ಧ ಫ್ರೆಂಚ್ ಸೇನೆಯ ಮುಂದೆ ನಿಂತ ಹಳ್ಳಿ ಹುಡುಗಿ ಅವಳು; ಸಿಕ್ಕಿಬಿದ್ದ ಮೇಲೆ ಧರ್ಮದ್ರೋಹದ ಆರೋಪ ಹೊತ್ತಳು. ಇಂಗ್ಲಿಷ್ ಅನುವಾದ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಕುದುರೆ, ಕವಚ, ಬಾವುಟದ ಚಿತ್ರಗಳನ್ನು ಬದಿಗಿಟ್ಟು ಇದರಿಂದ ಶುರು ಮಾಡಿ ಎನ್ನುವುದು ನನ್ನ ಸಲಹೆ.

ಓದುವ ಮೊದಲು ನಾಲ್ಕು ತಾರೀಖು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. 1429ರ ಮೇ 8, ಓರ್ಲಿಯನ್ಸ್ ಮುತ್ತಿಗೆ ತೆರವು. ಅದೇ ವರ್ಷದ ಜುಲೈ 17, ರೀಮ್ಸ್‌ನಲ್ಲಿ ಏಳನೆಯ ಚಾರ್ಲ್ಸ್‌ಗೆ ಪಟ್ಟಾಭಿಷೇಕ. 1430ರ ಮೇ 23, ಕೊಂಪಿಯೇನ್ ಬಳಿ ಅವಳು ಸೆರೆ. 1431ರ ಮೇ 30, ರುವಾನ್ ಹಳೇ ಸಂತೆ ಚೌಕದಲ್ಲಿ ಬೆಂಕಿ. ಆಗ ಅವಳಿಗೆ ಸುಮಾರು 19. ಯುದ್ಧದ ಬಗ್ಗೆ ಸದ್ಯಕ್ಕೆ ಇಷ್ಟು ಸಾಕು.

ಆಮೇಲೆ ಬರೆದುಕೊಂಡವರು ಯಾರೆಂದು ನೋಡಿ. ನ್ಯಾಯಪೀಠದಲ್ಲಿ ಕೂತವನು ಬೊವೇ ಊರಿನ ಬಿಷಪ್ ಪಿಯೆರ್ ಕೊಷೋನ್, ಇಂಗ್ಲಿಷರ ಪಕ್ಷದವನು. ಮುಖ್ಯ ಗುಮಾಸ್ತ ಗಿಯೋಮ್ ಮಾನ್ಷೋನ್. ಅವಳು ಮಾತಾಡಿದ್ದು ಫ್ರೆಂಚ್. ಅಧಿಕೃತ ಕಡತ ಇರುವುದು ಲ್ಯಾಟಿನ್‌ನಲ್ಲಿ, ಅದೂ 'ಅವಳು ಹೀಗೆಂದಳು' ಎಂಬ ಧಾಟಿಯಲ್ಲಿ. ಹಾಗಾಗಿ ಪೆನ್ಸಿಲ್ ಹಿಡಿದು, ಎಲ್ಲೆಲ್ಲಿ 'ಅವಳು' ಬರುತ್ತದೋ ಅಲ್ಲಿ 'ನಾನು' ಹಾಕಿ ಓದಿ. ನಾನು ಮೊದಲು ಮಾಡಿದ ಕೆಲಸವೇ ಅದು. ಮಾತು ತಟ್ಟನೆ ಜೀವ ಹಿಡಿಯುತ್ತದೆ.

ಫೆಬ್ರವರಿ 21ರಿಂದ ಮಾರ್ಚ್ 3ರ ತನಕ ಆರು ಬಹಿರಂಗ ಬೈಠಕ್ಕುಗಳಿವೆ. ಅವನ್ನು ಒಂದೇ ಸಲಕ್ಕೆ ಓದಬೇಡಿ, ದಿನಕ್ಕೊಂದು. ಮೊದಲ ದಿನವೇ ಪ್ರಮಾಣ ಮಾಡಿಸುವಲ್ಲಿ ಜಗಳ. ಅಪ್ಪ ಅಮ್ಮನ ಬಗ್ಗೆ, ತಾನು ಹೊರಟು ಬಂದ ಮೇಲೆ ಮಾಡಿದ್ದರ ಬಗ್ಗೆ ಹೇಳುತ್ತೇನೆ, ದೇವರು ತಿಳಿಸಿದ್ದನ್ನು ಹೇಳುವುದಿಲ್ಲ ಎನ್ನುತ್ತಾಳೆ. ಪರಲೋಕ ಪ್ರಾರ್ಥನೆ ಹೇಳು ಎಂದು ಬಿಷಪ್ ಕೇಳಿದರೆ, ನನ್ನ ಪಾಪನಿವೇದನೆ ಕೇಳಿಸಿಕೊಳ್ಳಿ, ಆಗ ಹೇಳುತ್ತೇನೆ ಎಂದು ಉತ್ತರ. ಈ ಉತ್ತರದ ಹತ್ತಿರ ಎರಡು ನಿಮಿಷ ನಿಲ್ಲಿ. ಪಾಪನಿವೇದನೆ ಕೇಳಿದ ಪಾದ್ರಿ ಅದನ್ನು ಹೊರಗೆ ಬಿಡುವ ಹಾಗಿಲ್ಲ. ನ್ಯಾಯಾಧೀಶನ ಖುರ್ಚಿಯಲ್ಲಿದ್ದವನನ್ನು ಒಂದೇ ಮಾತಿನಲ್ಲಿ ಎಬ್ಬಿಸಿ ಪಾದ್ರಿಯ ಜಾಗದಲ್ಲಿ ಕೂರಿಸಲು ನೋಡಿದಳು. ಇದನ್ನು ಯಾವ ವಕೀಲನೂ ಹೇಳಿಕೊಟ್ಟದ್ದಲ್ಲ. ಪ್ರಾರ್ಥನೆಗಳನ್ನೆಲ್ಲ ಕಲಿಸಿದ್ದು ತಾಯಿ, ಬೇರೆ ಯಾರೂ ಅಲ್ಲ ಎಂಬುದೂ ಅದೇ ದಿನದ ಹೇಳಿಕೆಯಲ್ಲಿದೆ.

ಫೆಬ್ರವರಿ 24ರಂದು, ನೀನು ದೇವರ ಕೃಪೆಯಲ್ಲಿದ್ದೀಯಾ ಎಂಬ ಪ್ರಶ್ನೆ. ಹೌದು ಎಂದರೆ ಸೊಕ್ಕು, ಇಲ್ಲ ಎಂದರೆ ತಪ್ಪೊಪ್ಪಿಗೆ. ಅವಳ ಉತ್ತರ: ಇಲ್ಲದಿದ್ದರೆ ದೇವರು ನನ್ನನ್ನು ಅಲ್ಲಿಗೆ ಸೇರಿಸಲಿ, ಇದ್ದರೆ ಅಲ್ಲೇ ಇಟ್ಟುಕೊಳ್ಳಲಿ. ಎಲ್ಲರೂ ಉದ್ಧರಿಸುವ ಮಾತು ಇದು, ಸರಿಯೇ. ಆದರೆ ನನಗೆ ಹೆಚ್ಚು ಹಿಡಿಸಿದ್ದು ಅವಳು ಮತ್ತೆ ಮತ್ತೆ ಹೇಳುವ 'ಮುಂದಕ್ಕೆ ಹೋಗಿ' ಎಂಬ ಎರಡೇ ಪದ. ಅದು ಬಂದಲ್ಲೆಲ್ಲ ಅಂಚಿನಲ್ಲಿ ಗೆರೆ ಎಳೆಯಿರಿ. ಅವಳ ಭಕ್ತಿ ಎಲ್ಲಿ ಗಟ್ಟಿಯಾಗಿ ನಿಂತಿದೆ ಎಂದು ಆ ಗೆರೆಗಳೇ ತೋರಿಸುತ್ತವೆ. ಉತ್ತರಕ್ಕಿಂತ ಉತ್ತರ ಕೊಡದ ಜಾಗಗಳಲ್ಲಿ.

'ಅದು ಪ್ವಾತಿಯೇ ಊರಿನಲ್ಲಿ ಬರೆದಿದೆ, ಅಲ್ಲಿ ನೋಡಿ' ಎಂದೂ ಕೆಲವು ಸಲ ಹೇಳುತ್ತಾಳೆ. ಯುದ್ಧಕ್ಕೆ ಕಳಿಸುವ ಮೊದಲು ರಾಜನ ಪಕ್ಷದ ಪಂಡಿತರು ಅವಳನ್ನು ಅಲ್ಲಿ ಪರೀಕ್ಷಿಸಿದ್ದರು. ಆ ಕಡತ ಮಾತ್ರ ಇವತ್ತಿಗೂ ಸಿಕ್ಕಿಲ್ಲ. ಬೇಕಾದ ಕಾಗದವೇ ಕಾಣೆಯಾಗುವ ರೋಗ ನಮ್ಮ ರೆಕಾರ್ಡ್ ರೂಮಿನದಷ್ಟೇ ಅಂದುಕೊಂಡಿದ್ದೆ.

70 ಕಲಮುಗಳ ಆರೋಪಪಟ್ಟಿ, ಅದನ್ನು 12ಕ್ಕೆ ಇಳಿಸಿದ್ದು, ಪ್ಯಾರಿಸ್ ವಿಶ್ವವಿದ್ಯಾಲಯದ ಅಭಿಪ್ರಾಯ, ಇವನ್ನೆಲ್ಲ ಬೇಗ ಬೇಗ ಮಗುಚಿ. ಮೇ 24ಕ್ಕೆ ಬಂದಾಗ ನಿಧಾನಿಸಿ. ಸ್ಯಾಂತ್ ಊಆನ್ ಮಠದ ಸ್ಮಶಾನದಲ್ಲಿ, ಜನರೆದುರು, ಬೆಂಕಿಯ ಭಯ ತೋರಿಸಿ, ತನ್ನದು ತಪ್ಪು ಎಂಬ ಮುಚ್ಚಳಿಕೆಗೆ ಅವಳ ಗುರುತು ಹಾಕಿಸಿಕೊಂಡರು. ಅವಳಿಗೆ ಓದಲು ಬರುತ್ತಿರಲಿಲ್ಲ. ಅದು ಆರೇಳು ಸಾಲಿನದು ಎಂದು ನಂತರ ಕಣ್ಣಾರೆ ಕಂಡವರು ಸಾಕ್ಷಿ ಹೇಳಿದರು. ಕಡತದೊಳಗೆ ಇರುವುದು ಅದರ ಎಷ್ಟೋ ಪಟ್ಟು ಉದ್ದ. ನಾಲ್ಕು ದಿನಕ್ಕೆ, ಮೇ 28ರಂದು, ಬಿಟ್ಟಿದ್ದ ಗಂಡುಡುಪು ಮತ್ತೆ ಅವಳ ಮೈಮೇಲೆ. ಧ್ವನಿಗಳು ಕೇಳಿಸಿದವೇ ಎಂದಾಗ ಹೌದು ಎಂದಳು. ಜೀವ ಉಳಿಸಿಕೊಳ್ಳಲು ತಾನು ಮಾಡಿದ್ದು ದ್ರೋಹ ಎಂದು ಅವು ಹೇಳಿದವಂತೆ. ಆ ಉತ್ತರದ ಪಕ್ಕ ಅಂಚಿನಲ್ಲಿ ಎರಡು ಲ್ಯಾಟಿನ್ ಪದಗಳ ಷರಾ ಇದೆ: 'ರೆಸ್ಪಾನ್ಸಿಯೋ ಮಾರ್ಟಿಫೆರಾ', ಸಾವು ತರುವ ಉತ್ತರ. ನಾನೂ ಅಂಚಿನಲ್ಲಿ ಷರಾ ಬರೆದವಳೇ. ಆ ಕೈ ಬರೆಯುವಾಗ ಹೇಗಿದ್ದಿರಬಹುದು ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಕೊನೆಯಲ್ಲಿ ಜೂನ್ 7ರ ತಾರೀಖಿನ ಕೆಲವು ಹಾಳೆ ಸಿಗುತ್ತವೆ. ಸಾಯುವ ಬೆಳಗ್ಗೆ ಅವಳು ತನ್ನ ಧ್ವನಿಗಳು ಮೋಸ ಮಾಡಿದವು ಎಂದು ಒಪ್ಪಿದಳು ಎನ್ನುತ್ತವೆ ಅವು. ಸಹಿ ನೋಡಿ. ಇಲ್ಲ. ಮಾನ್ಷೋನ್ ಸಹಿ ಹಾಕಲು ಒಪ್ಪಲಿಲ್ಲ. ಸಹಿ ಇಲ್ಲದ ಹಾಳೆಗೆ ನಾನು ಎಷ್ಟು ಬೆಲೆ ಕೊಡುತ್ತೇನೋ ನೀವೂ ಅಷ್ಟೇ ಕೊಡಿ.

ಇಷ್ಟಾದ ಮೇಲೆಯೇ ಎರಡನೆಯ ವಿಚಾರಣೆ ತೆಗೆಯಿರಿ. ತಾಯಿ ಇಸಾಬೆಲ್ ರೋಮೇ 1455ರಲ್ಲಿ ಪ್ಯಾರಿಸ್ಸಿನ ನೋತ್ರ್ ದಾಮ್‌ಗೆ ಬಂದು ನ್ಯಾಯ ಕೇಳಿದಳು. 1456ರ ಜುಲೈ 7ರಂದು ಹಳೆ ತೀರ್ಪು ರದ್ದಾಯಿತು. ಇಲ್ಲಿನ ಸಾಕ್ಷಿಗಳನ್ನೂ ಪೂರ್ತಿ ನಂಬಬೇಡಿ. 25 ವರ್ಷ ಕಳೆದಿತ್ತು, ಇಂಗ್ಲಿಷರು ಸೋತಿದ್ದರು, ಎಲ್ಲರಿಗೂ ತಮ್ಮ ಚರ್ಮ ಉಳಿಸಿಕೊಳ್ಳುವ ಆತುರ. ಆದರೂ ಮಾನ್ಷೋನ್ ಹೇಳಿಕೆ ಬಿಡಬೇಡಿ. ಕಿಟಕಿಯ ಪರದೆ ಹಿಂದೆ ಬೇರೆ ಬರಹಗಾರರನ್ನು ಅಡಗಿಸಿ ಅವಳಿಗೆ ವಿರುದ್ಧವಾದದ್ದನ್ನಷ್ಟೇ ಬರೆಸುತ್ತಿದ್ದರು ಎನ್ನುತ್ತಾನೆ.

ಈ ಎರಡೂ ಕಡತಗಳನ್ನು ಫ್ರೆಂಚ್ ಇತಿಹಾಸಕಾರ ಜೂಲ್ ಕಿಷೆರಾ 1841ರಿಂದ 1849ರ ನಡುವೆ ಅಚ್ಚು ಹಾಕಿಸಿದ. ಇವತ್ತಿನ ಜೋನ್ ಹುಟ್ಟಿದ್ದು ಅಲ್ಲಿಂದ ಎನ್ನಬಹುದು. 1920ರ ಮೇ 16ರಂದು ಚರ್ಚು ಅವಳನ್ನು ಸಂತಳೆಂದು ಸಾರಿತು. ಅದೇ ವರ್ಷ ಫ್ರಾನ್ಸ್ ಸರ್ಕಾರ ಮೇ ತಿಂಗಳ ಎರಡನೆಯ ಭಾನುವಾರವನ್ನು ಅವಳ ರಾಷ್ಟ್ರೀಯ ಹಬ್ಬ ಮಾಡಿತು. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಜೊತೆ ಕೈಜೋಡಿಸಿದ ಫ್ರಾನ್ಸಿನ ವಿಷಿ ಸರ್ಕಾರವೂ ಅವಳ ಹೆಸರೆತ್ತಿತು, ಅದರ ವಿರುದ್ಧ ಹೋರಾಡಿದವರೂ ಎತ್ತಿದರು. ಪ್ಯಾರಿಸ್ಸಿನ ಪಿರಮಿಡ್ ಚೌಕದ ಚಿನ್ನದ ಬಣ್ಣದ ಪ್ರತಿಮೆಯ ಮುಂದೆ ಮೇ 1ಕ್ಕೆ ಕಟ್ಟಾ ಬಲಪಂಥದವರು ವರ್ಷಗಟ್ಟಲೆ ಮೆರವಣಿಗೆ ನಡೆಸಿದರು. ಓರ್ಲಿಯನ್ಸ್ ಹಬ್ಬದಲ್ಲಿ ಪ್ರತಿ ವರ್ಷ ಒಬ್ಬ ಹುಡುಗಿ ಜೋನ್ ಆಗಿ ಕುದುರೆ ಏರುತ್ತಾಳೆ. 2018ರಲ್ಲಿ ತಂದೆ ಬೆನಿನ್ ದೇಶದವರಾಗಿದ್ದ ಹುಡುಗಿ ಆಯ್ಕೆಯಾದಾಗ ಅವಳ ಮೈಬಣ್ಣಕ್ಕೆ ಹೊಲಸು ಬೈದವರಿದ್ದರು. ಜೋನ್ ನಮ್ಮವಳು ಎಂದು ಯಾರೇ ಹೇಳಲಿ, ಯಾವ ತಾರೀಖಿನ ಹೇಳಿಕೆಯಲ್ಲಿದೆ ಎಂದು ಕೇಳುವ ಚಟ ನನಗೆ ಹತ್ತಿದೆ.

ಇನ್ನೊಂದು: ಸಾಧ್ಯವಾದರೆ ಇಬ್ಬರು ಕೂತು ಗಟ್ಟಿಯಾಗಿ ಓದಿ. ನಮ್ಮ ಮನೆಯಲ್ಲಿ ಮಗಳು ಪ್ರಶ್ನೆ, ನಾನು ಉತ್ತರ. ಮಾರ್ಚ್ 1ರ ಬೈಠಕ್ಕು. ಸಂತ ಮಾರ್ಗರೇಟ್ ಇಂಗ್ಲಿಷ್ ಮಾತಾಡುತ್ತಾಳೆಯೇ? ಇಂಗ್ಲಿಷರ ಪಕ್ಷದವಳಲ್ಲ, ಯಾಕೆ ಮಾತಾಡುತ್ತಾಳೆ? ಸಂತ ಮೈಕೆಲ್ ಬೆತ್ತಲಾಗಿದ್ದನೇ? ಅವನಿಗೆ ಬಟ್ಟೆ ತೊಡಿಸುವಷ್ಟು ದೇವರ ಬಳಿ ಇಲ್ಲವೆಂದುಕೊಂಡಿರಾ?

ಮಗಳು ನಗುತ್ತಾ ಪುಸ್ತಕ ಕೆಳಗಿಟ್ಟಳು. "ಅವ್ವಾ, ಇಕಿ ಕಾಲಿಗೆ ಆಗ ಸರಪಳಿ ಇತ್ತಲ್ಲ?"

"ಇತ್ತವಾ," ಅಂದೆ. "ಮುಂದಿನ ಪ್ರಶ್ನೆ ಓದು."